ಬೀಟೆ ಮರದಲ್ಲಿ ಐದು ಸ್ಟ್ರಿಂಗ್ ಬೇಸ್ ಗಿಟಾರ್ ಮಾಡಿಸಬೇಕು ಅಂತಿದ್ದೇನೆ. ಮೇಕರ್‌ಗೆ ಏನೇನು ಹೇಳಬೇಕು?

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಸಕಲೇಶಪುರದ ಕಡೆ ನಿಮ್ಮ ಅಜ್ಜನ ಮನೆ ಬಿಚ್ಚಿದಾಗ ಬೀಟೆಯ ತೊಲೆಗಳು ಸಿಕ್ಕಿವೆ. ಅದರಲ್ಲೇ ಬಾಡಿ, ನೆಕ್ ಎಲ್ಲ ಮಾಡಿಸಿ, ಐದು ಸ್ಟ್ರಿಂಗ್ ಹಾಕಿಸಿ, ಆಕ್ಟಿವ್ ಸರ್ಕಿಟ್ (ಸ್ವರ ತಿದ್ದುವ ಬ್ಯಾಟರಿ ಸರ್ಕಿಟ್) ಕೂರಿಸಬೇಕು ಅನ್ನುವುದು ನಿಮ್ಮ ಆಸೆ. ಆರ್ಕೆಸ್ಟ್ರಾದಲ್ಲಿ ನುಡಿಸುತ್ತೀರಿ, ಗಂಟೆಗಟ್ಟಲೆ ನಿಂತೇ ಇರುತ್ತೀರಿ. ಈಗಿನ ನಾಲ್ಕು ಸ್ಟ್ರಿಂಗ್ ಬೇಸ್‌ನಲ್ಲಿ ಎಡ ಮಣಿಕಟ್ಟು ನೋಯುತ್ತದೆ ಅಂತಲೂ ಬರೆದಿದ್ದೀರಿ.

ಮಾಡಿಸಿ. ಆದರೆ ಬೀಟೆಯನ್ನು ಫಿಂಗರ್‌ಬೋರ್ಡ್‌ಗೆ, ಅಂದರೆ ನೆಕ್ ಮೇಲೆ ಬೆರಳಿಡುವ ಪಟ್ಟಿಗೆ, ಇಟ್ಟುಕೊಳ್ಳಿ, ಇಡೀ ಬಾಡಿಗೆ ಬೇಡ. ಮರದ ಮಾತಿಗಿಂತ ಮೊದಲು ಮಣಿಕಟ್ಟಿನ ಮಾತು ಆಗಬೇಕು. ನಾನು ಬೆಂಗಳೂರಿನಲ್ಲಿ ಬೇಸ್ ನುಡಿಸುತ್ತೇನೆ, ಪರಿಚಯದವರ ಗಿಟಾರ್‌ಗಳಿಗೆ ಸೆಟಪ್ (ನೆಕ್, ಸ್ಟ್ರಿಂಗ್ ಹದ ಮಾಡುವುದು) ಮಾಡಿಕೊಡುತ್ತೇನೆ. ನನ್ನ ಐದು ಸ್ಟ್ರಿಂಗ್ ಬೇಸ್ ಕೂಡ ಹೇಳಿ ಮಾಡಿಸಿದ್ದೇ. ನಾನು ನೋಡಿದ ಮಟ್ಟಿಗೆ, ಕಸ್ಟಮ್ ಬೇಸ್ ಮಾಡಿಸಿ ನೆಮ್ಮದಿಯಾಗಿರುವವರು ಮೇಕರ್ ಹತ್ತಿರ ಅಳತೆ ಬರೆದುಕೊಂಡು ಹೋದವರು. ಮರದ ಹೆಸರು, ಒಂದಷ್ಟು ಫೋಟೋ ಮಾತ್ರ ಹಿಡಿದು ಹೋದವರ ಬೇಸ್ ನೋಡಲು ಬಹಳ ಚಂದ. ಆದರೆ ಕಾರ್ಯಕ್ರಮಕ್ಕೆ ಹೊರಡುವಾಗ ಅವರು ಹಳೆಯ ಬೇಸನ್ನೇ ಎತ್ತಿಕೊಳ್ಳುತ್ತಾರೆ.

ಮೊದಲು ಸ್ಕೇಲ್. ನೆಕ್ ತುದಿಯಲ್ಲಿ ಸ್ಟ್ರಿಂಗ್ ಕೂರುವ ಪಟ್ಟಿಯಾದ ನಟ್‌ನಿಂದ, ಬಾಡಿಯ ಮೇಲೆ ಸ್ಟ್ರಿಂಗ್ ಹಿಡಿಯುವ ಬ್ರಿಡ್ಜ್‌ನ ಸ್ಯಾಡಲ್‌ವರೆಗೆ ಸ್ಟ್ರಿಂಗ್ ಮಿಡಿಯುವ ಉದ್ದ ಅದು. ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದಾಗ 34 ಇಂಚು ಇಟ್ಟರು. ಇವತ್ತಿಗೂ ಅಂಗಡಿಯಲ್ಲಿ ಸಿಗುವ ಹೆಚ್ಚಿನ ಬೇಸ್‌ಗಳು ಅದೇ ಅಳತೆಯವು. ನಿಮ್ಮದೂ ಅದೇ ಇರುತ್ತದೆ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ನುಡಿಸುವ ಪಿಟೀಲು ಆಕಾರದ ಹಾಫ್ನರ್ ಬೇಸ್ ಸುಮಾರು 30 ಇಂಚಿನದು. ನಾಲ್ಕು ಇಂಚಿನಲ್ಲಿ ಏನು ಮಹಾ ಅನ್ನಿಸಬಹುದು. ಬೆರಳಿಗೆ ಲೆಕ್ಕ ಹಾಕಿ ನೋಡೋಣ. ನೆಕ್ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್. ಒಂದನೇ ಫ್ರೆಟ್‌ನಿಂದ ನಾಲ್ಕನೇ ಫ್ರೆಟ್‌ಗೆ 34 ಇಂಚಿನ ಬೇಸ್‌ನಲ್ಲಿ ಸುಮಾರು 130 ಮಿಲಿಮೀಟರ್. 32 ಇಂಚಿನದರಲ್ಲಿ 122. 30 ಇಂಚಿನದರಲ್ಲಿ 114. ಐದು ಸ್ಟ್ರಿಂಗ್ ಬೇಸ್‌ಗಳಲ್ಲಿ ಎಷ್ಟೋ ಜನ ಕೇಳುವ 35 ಇಂಚಿನದರಲ್ಲಿ 133 ದಾಟುತ್ತದೆ. ನೀವು ನುಡಿಸುವ ಸಿನಿಮಾ ಹಾಡುಗಳ ಬೇಸ್ ಲೈನ್ ಅರ್ಧಕ್ಕರ್ಧ ಈ ನಾಲ್ಕು ಫ್ರೆಟ್‌ಗಳಲ್ಲೇ ಓಡಾಡುತ್ತದೆ ಅಲ್ವಾ? ತೋರುಬೆರಳು, ಕಿರುಬೆರಳು ಅಷ್ಟು ಅಗಲಕ್ಕೆ ಚಾಚಿದಾಗ ಮಣಿಕಟ್ಟು ಒಳಕ್ಕೆ ಮಡಚಿಕೊಳ್ಳುತ್ತದೆ. ನೋವು ಹುಟ್ಟುವ ಜಾಗಗಳಲ್ಲಿ ಅದೂ ಒಂದು.

ಹಾಗಂತ 30 ಇಂಚಿನ ಐದು ಸ್ಟ್ರಿಂಗ್ ಮಾಡಿಸಿ ಅನ್ನುವುದಿಲ್ಲ. ಐದನೇ ಸ್ಟ್ರಿಂಗ್ ಅಂದರೆ ಕೆಳಗಿನ ಬಿ. ಅದು ಸೆಕೆಂಡಿಗೆ 31 ಸಲ ಕಂಪಿಸುತ್ತದೆ. ನಾಲ್ಕು ಸ್ಟ್ರಿಂಗ್ ಬೇಸ್‌ನ ಅತಿ ಕೆಳಗಿನ ಇ ಸ್ಟ್ರಿಂಗ್ 41 ಸಲ. ಅದೇ ದಪ್ಪದ ಸ್ಟ್ರಿಂಗನ್ನು ಅದೇ ಸ್ವರಕ್ಕೆ ಬಿಗಿದರೆ, ಬಿಗಿತ ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. 34ರಿಂದ 35ಕ್ಕೆ ಹೋದರೆ ಸುಮಾರು 6 ಪ್ರತಿಶತ ಜಾಸ್ತಿ. 30ಕ್ಕೆ ಇಳಿದರೆ 22 ಪ್ರತಿಶತ ಕಡಿಮೆ. ಅಲ್ಲಿ ಬಿ ಸ್ಟ್ರಿಂಗ್ ಸಡಿಲವಾಗಿ ಫ್ರೆಟ್‌ಗೆ ಬಡಿಯುತ್ತದೆ, ಸ್ವರ ಗೊತ್ತಾಗುವುದಿಲ್ಲ, ಬರೀ ಗುಂಯ್ ಅನ್ನುತ್ತದೆ. ಕೆನಡಾದ ಬೇಸ್ ತಯಾರಕ ಡಿಂಗ್‌ವಾಲ್‌ನಂಥವರು ಫ್ರೆಟ್‌ಗಳನ್ನು ಓರೆಯಾಗಿ ಹಾಕಿ ಬಿ ಸ್ಟ್ರಿಂಗ್‌ಗೆ 37 ಇಂಚು, ಜಿ ಸ್ಟ್ರಿಂಗ್‌ಗೆ 34 ಇಂಚು ಕೊಡುತ್ತಾರೆ. ಆ ಬಿ ಕೇಳಲು ಅದ್ಭುತ. ಆದರೆ ನಿಮ್ಮ ಮಣಿಕಟ್ಟು ಈಗಲೇ ದೂರು ಹೇಳುತ್ತಿರುವಾಗ ನಾನು ಆ ಕಡೆ ಹೋಗುವುದಿಲ್ಲ. ನಿಮಗೆ 33 ಇಂಚು, ಗಟ್ಟಿಯಾದ ನೆಕ್, ಸ್ವಲ್ಪ ದಪ್ಪದ ಬಿ ಸ್ಟ್ರಿಂಗ್ ಸರಿಹೋಗುತ್ತದೆ ಅನ್ನಿಸುತ್ತದೆ. ಇನ್ನೊಂದು ಮಾತು, ಬೆರಳು ಮರಗಟ್ಟುವುದೋ ಜುಮ್ಮೆನ್ನುವುದೋ ಇದ್ದರೆ ಬೇಸ್ ಆಮೇಲೆ, ಮೊದಲು ಡಾಕ್ಟರ್.

ಐದನೇ ಸ್ಟ್ರಿಂಗ್ ನಿಜಕ್ಕೂ ಬೇಕಾ ಅಂತ ಕೂಡ ಖರ್ಚಿಲ್ಲದೆ ಪರೀಕ್ಷೆ ಮಾಡಬಹುದು. ಆರ್ಕೆಸ್ಟ್ರಾದಲ್ಲಿ ಗಾಯಕರು ಇದ್ದಕ್ಕಿದ್ದಂತೆ ಅರ್ಧ ಮನೆ ಇಳಿಸಿ ಅಂದುಬಿಡುತ್ತಾರೆ. ಡಿ ಅಥವಾ ಇ ಫ್ಲಾಟ್ ಶ್ರುತಿಯಲ್ಲಿ ಷಡ್ಜ ಕೆಳಗೆ ಸಿಗದೆ ಮೇಲಿನ ಸ್ಥಾಯಿಗೆ ಹಾರಬೇಕಾಗುತ್ತದೆ. ಐದು ಸ್ಟ್ರಿಂಗ್‌ನವರ ಆಸೆ ಬಹುಪಾಲು ಅಲ್ಲಿಂದಲೇ ಶುರು. ಈಗಿರುವ ಬೇಸ್‌ಗೆ ಇ ಎ ಡಿ ಜಿ ಬದಲು ಬಿ ಇ ಎ ಡಿ ಸ್ಟ್ರಿಂಗ್ ಹಾಕಿ ಒಂದು ತಿಂಗಳು ನುಡಿಸಿ ನೋಡಿ. ಐದರ ಸೆಟ್ ತಂದು ಸಣ್ಣದನ್ನು ಬಿಟ್ಟರಾಯಿತು. ನಟ್‌ನ ಸೀಳನ್ನು ಸ್ವಲ್ಪ ಅಗಲ ಮಾಡಬೇಕಾಗುತ್ತದೆ, ಅಷ್ಟೇ. ಬರೀ ಡಿ ಸಾಕು ಅನ್ನಿಸಿದರೆ ಹಿಪ್‌ಶಾಟ್ ಎಕ್ಸ್‌ಟೆಂಡರ್ ಅಂತ ಒಂದು ಟ್ಯೂನರ್ (ಸ್ಟ್ರಿಂಗ್ ಬಿಗಿಯುವ ಬಿರಡೆ) ಸಿಗುತ್ತದೆ. ಅದರ ಹಿಂದಿನ ಸಣ್ಣ ಲಿವರ್ ತಳ್ಳಿದರೆ ಇ ಸ್ಟ್ರಿಂಗ್ ಡಿಗೆ ಇಳಿಯುತ್ತದೆ, ವಾಪಸ್ ತಳ್ಳಿದರೆ ಇಗೆ ಬರುತ್ತದೆ. ಬಿ ಸ್ಟ್ರಿಂಗ್ ಕೈಗೆ, ಕಿವಿಗೆ ಒಗ್ಗಿದ ಮೇಲೆ ಐದಕ್ಕೆ ಹೋಗಿ. ಹಾಗೇ ನಿಮ್ಮ ತಂಡದ ಆಂಪ್ ಯಾವುದು ಅಂತ ನೋಡಿ. ಎಂಟು ಇಂಚಿನ ಸ್ಪೀಕರ್‌ನ ಪ್ರಾಕ್ಟೀಸ್ ಆಂಪ್‌ನಲ್ಲಿ 31 ಹರ್ಟ್ಸ್ ಹೊರಗೇ ಬರುವುದಿಲ್ಲ, ಅದರ ಮೇಲಿನ ಹಾರ್ಮೋನಿಕ್‌ಗಳನ್ನೇ ಕೇಳುತ್ತಿರುತ್ತೇವೆ.

ಈಗ ಮರ. ಬೀಟೆ ಅಂದರೆ ಜಗತ್ತಿನ ಗಿಟಾರ್ ಮಾಡುವವರೆಲ್ಲ ಇಂಡಿಯನ್ ರೋಸ್‌ವುಡ್ ಅಂತ ಕರೆಯುವ ಮರವೇ. ನಮ್ಮ ಪಶ್ಚಿಮ ಘಟ್ಟದ ಮರ. ಅಮೆರಿಕದಲ್ಲಿ ಮಾಡಿದ ಎಷ್ಟೋ ಬೇಸ್‌ಗಳ ಮೇಲೆ ಬೆರಳಿಡುವ ಜಾಗ ಇದೇ ಮರದ್ದು. ಇದರಲ್ಲಿ ಎಣ್ಣೆ ಅಂಶ ಇದೆ. ಹಾಗಾಗಿ ಮೇಲೆ ಪಾಲಿಶ್ ಬೇಕಿಲ್ಲ, ಬೆವರಿಗೆ ಹೆದರುವುದಿಲ್ಲ, ಫ್ರೆಟ್ ಬಿಗಿಯಾಗಿ ಹಿಡಿಯುತ್ತದೆ. ಮುಂದೆ ಎಂದಾದರೂ ಫ್ರೆಟ್ ತೆಗೆಸಿ ಫ್ರೆಟ್‌ಲೆಸ್ ಮಾಡಿಸುವ ಯೋಚನೆ ಇದ್ದರೆ ಮಾತ್ರ ಎಚ್ಚರ, ಸುರುಳಿ ಸುತ್ತಿದ ರೌಂಡ್‌ವೌಂಡ್ ಸ್ಟ್ರಿಂಗ್ ಬೀಟೆಯನ್ನೂ ಕೊರೆಯುತ್ತದೆ. ಅಮೆರಿಕದ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್, ಫ್ರೆಟ್ ತೆಗೆದಿದ್ದ ತಮ್ಮ 1962ರ ಜಾಝ್ ಬೇಸ್‌ಗೆ ದೋಣಿಗೆ ಬಳಿಯುವ ಎಪಾಕ್ಸಿಯನ್ನು ಬಳಿದದ್ದು ಈ ಕಾರಣಕ್ಕೇ.

ಬಾಡಿಗೆ ಯಾಕೆ ಬೇಡ ಅಂದರೆ ತೂಕ. ಬೀಟೆ ಒಂದು ಲೀಟರ್ ಗಾತ್ರಕ್ಕೆ 800 ಗ್ರಾಂ ದಾಟುತ್ತದೆ. ಫೆಂಡರ್ ಬಾಡಿಗಳಿಗೆ ಬಳಸುವ ಆಲ್ಡರ್ 450ರ ಆಸುಪಾಸು. ಒಂದು ಬೇಸ್ ಬಾಡಿಗೆ ನಾಲ್ಕೂವರೆಯಿಂದ ಐದು ಲೀಟರ್ ಗಾತ್ರದ ಮರ ಹೋಗುತ್ತದೆ. ಅಂದರೆ ಬೀಟೆಯಲ್ಲಿ ಬಾಡಿ ಒಂದೇ ನಾಲ್ಕು ಕಿಲೋ. ಮೇಲೆ ನೆಕ್, ಬ್ರಿಡ್ಜ್, ಟ್ಯೂನರ್ ಸೇರಿ ಆರು ಕಿಲೋ ಮುಟ್ಟುತ್ತದೆ. ಚೆನ್ನಾಗಿ ಮಾಡಿದ ಬೇಸ್ ನಾಲ್ಕು, ನಾಲ್ಕೂಕಾಲು ಕಿಲೋ ಇದ್ದರೆ ಎರಡು ಗಂಟೆ ನಿಂತರೂ ಹೆಗಲು ತಡೆಯುತ್ತದೆ. 1968ರಲ್ಲಿ ಫೆಂಡರ್ ಕಂಪನಿ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್‌ಗಾಗಿ ಇಡೀ ರೋಸ್‌ವುಡ್‌ನಲ್ಲಿ ಟೆಲಿಕಾಸ್ಟರ್ ಗಿಟಾರ್ ಮಾಡಿತು. ನೋಡಲು ರಾಜ ಕಳೆ, ಹೊರಲು ಭಾರ. ಆಮೇಲೆ ಮಾರಾಟಕ್ಕೆ ಬಂದವುಗಳಲ್ಲಿ ಬಾಡಿಯೊಳಗೆ ಟೊಳ್ಳು ಮಾಡಿ ತೂಕ ಇಳಿಸಬೇಕಾಯಿತು. ಬೇಸ್ ಅದಕ್ಕಿಂತ ದೊಡ್ಡದು.

ಅಜ್ಜನ ಮನೆಯ ಮರ ಕಣ್ಣಿಗೆ ಕಾಣಬೇಕು ಅನ್ನುವ ಆಸೆ ನನಗೆ ಅರ್ಥವಾಗುತ್ತದೆ. ಬಾಡಿಯ ಮೇಲೆ ಐದು ಮಿಲಿಮೀಟರ್ ದಪ್ಪದ ಬೀಟೆ ಪದರ ಕೂರಿಸಿ, ಕೆಳಗೆ ಹಗುರ ಮರ ಹಾಕಿಸಿ. ಮುಂದಿನಿಂದ ನೋಡಿದರೆ ಪೂರ್ತಿ ಬೀಟೆಯೇ. ನೆಕ್‌ಗೆ ಮೇಪಲ್ ಪಟ್ಟಿಗಳನ್ನು ಅಂಟಿಸಿ ಮಾಡಿಸಿ, ಎಳೆ ನೆಟ್ಟಗೆ ನಿಲ್ಲುವಂತೆ ಕೊಯ್ದದ್ದು ಇರಲಿ, ಒಳಗೆ ನೆಕ್‌ನ ಬಾಗು ತಿದ್ದುವ ಟ್ರಸ್ ರಾಡ್ ಜೊತೆ ಎರಡು ಕಾರ್ಬನ್ ಫೈಬರ್ ಕಡ್ಡಿ ಹಾಕಿಸಿ. ಸ್ವರದ ವಿಷಯಕ್ಕೆ ಬಂದರೆ ಬಾಡಿ ಮರದ ಪಾಲು ಬಹಳ ಚಿಕ್ಕದು ಅನ್ನುವುದು ನನ್ನ ಅಭಿಪ್ರಾಯ. ಬಿ ಸ್ಟ್ರಿಂಗ್ ಗಟ್ಟಿಯಾಗಿ ಕೇಳುವುದು ನೆಕ್‌ನ ಬಿಗುವಿನಿಂದ. ಉಳಿದದ್ದು ಸ್ಟ್ರಿಂಗ್‌ನ ಕಂಪನ ಹಿಡಿಯುವ ಪಿಕಪ್ ಕೂರಿಸಿದ ಜಾಗ, ಸ್ಟ್ರಿಂಗ್, ಕೈ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ನುಡಿಸಿದ್ದು ಅಂಗಡಿಯಲ್ಲಿ ಸಿಗುವಂಥ 1962ರ ಪ್ರಿಸಿಷನ್. ಅದಕ್ಕೆ ಹಾಕಿದ್ದ ನುಣುಪು ಮೈಯ ಫ್ಲಾಟ್‌ವೌಂಡ್ ಸ್ಟ್ರಿಂಗ್‌ಗಳನ್ನು ಅವರು ಬದಲಿಸುತ್ತಲೇ ಇರಲಿಲ್ಲ. ಬಲಗೈಯ ಒಂದು ತೋರುಬೆರಳಿನಲ್ಲಿ ಅಷ್ಟೆಲ್ಲ ನುಡಿಸಿದರು.

ತೊಲೆಗಳನ್ನು ಕೊಯ್ಯಿಸುವ ಮೊದಲು ಒಂದೊಂದು ಇಂಚೂ ಮೆಟಲ್ ಡಿಟೆಕ್ಟರ್‌ನಲ್ಲಿ ನೋಡಿಸಿ. ಹಳೆಯ ಮನೆಯ ಮರದೊಳಗೆ ಮುರಿದ ಮೊಳೆ ಇದ್ದೇ ಇರುತ್ತದೆ, ಸಾಮಿಲ್ಲಿನವರ ಬ್ಲೇಡ್ ಹೋದರೆ ಅವರು ಮತ್ತೆ ನಿಮ್ಮ ಮರ ಮುಟ್ಟುವುದಿಲ್ಲ. ಫಿಂಗರ್‌ಬೋರ್ಡ್‌ಗೆ ಬೇಕಾಗಿರುವುದು 700 ಮಿಲಿಮೀಟರ್ ಉದ್ದ, 75 ಅಗಲ, 8 ದಪ್ಪದ ಒಂದು ಪಟ್ಟಿ, ಅಷ್ಟೇ. ಕೊಯ್ದ ತಕ್ಷಣ ಮೇಕರ್‌ಗೆ ಕೊಡಬೇಡಿ. ಮಲೆನಾಡಿನ ಮಳೆಯಲ್ಲಿ ನಿಂತ ಮರ ಎಷ್ಟು ಹಳೆಯದಾದರೂ ತೇವ ಹಿಡಿದಿರುತ್ತದೆ. ಪಟ್ಟಿಗಳ ನಡುವೆ ಗಾಳಿಯಾಡುವಂತೆ ಚಕ್ಕೆ ಇಟ್ಟು, ಒಳಗೆ ಪೇರಿಸಿ ಬಿಡಿ. ತೇವ ಅಳೆಯುವ ಮೀಟರ್ 10 ಪ್ರತಿಶತಕ್ಕಿಂತ ಕಡಿಮೆ ತೋರಿಸಿದ ಮೇಲೆ ಮುಂದಿನ ಕೆಲಸ. ಆತುರ ಮಾಡಿದರೆ ಫೆಬ್ರುವರಿಯ ಒಣ ಹವೆಗೆ ಬೋರ್ಡ್ ಕುಗ್ಗಿ ಫ್ರೆಟ್ ತುದಿಗಳು ಅಂಚಿನಿಂದ ಹೊರಗೆ ಚಾಚುತ್ತವೆ, ಕೈ ಜಾರಿಸಿದಾಗ ಗೀರುತ್ತವೆ.

ಕಾಗದದ ವಿಷಯ ಸಣ್ಣದು ಅಂದುಕೊಳ್ಳಬೇಡಿ. ಬೀಟೆ ಸಾಗಿಸುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಮನೆ ಬಿಚ್ಚಿದ್ದಕ್ಕೆ ದಾಖಲೆ, ಫೋಟೋ ಇಟ್ಟುಕೊಳ್ಳಿ. ಹೊರದೇಶದ ಮೇಕರ್‌ಗೆ ಮರ ಕಳಿಸುವ ಯೋಚನೆ ಇದ್ದರೆ ಇನ್ನೂ ಜಾಸ್ತಿ ಕಾಗದ. 2017ರ ಜನವರಿಯಿಂದ ಈ ಜಾತಿಯ ಮರಗಳೆಲ್ಲ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ಆಗ ಮುಗಿದ ಗಿಟಾರನ್ನು ಹೊರದೇಶಕ್ಕೆ ಮಾರಲೂ ಪರ್ಮಿಟ್ ಬೇಕಾಗಿ ಕಂಪನಿಗಳು ಬೇರೆ ಮರ ಹುಡುಕಿದವು. 2019ರ ನವೆಂಬರ್‌ನಿಂದ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಬಿಡಿ ಮರಕ್ಕೆ ಸಿಗಲಿಲ್ಲ. ಇಲ್ಲೇ ಮಾಡಿಸುವುದು ಸುಲಭ.

ಮೇಕರ್‌ಗೆ ಕೊಡುವ ಹಾಳೆಯಲ್ಲಿ ಇನ್ನೂ ಕೆಲವು ಅಂಕಿ ಬೇಕು. ಬ್ರಿಡ್ಜ್ ಹತ್ತಿರ ಸ್ಟ್ರಿಂಗ್‌ಗಳ ನಡುವಿನ ಅಂತರ: ಹೆಬ್ಬೆರಳಿನಿಂದ ಸ್ಟ್ರಿಂಗ್‌ಗೆ ಬಡಿದು ಸ್ಲ್ಯಾಪ್ ಮಾಡುವವರಿಗೆ 19 ಮಿಲಿಮೀಟರ್ ಹಿತ, ಬರೀ ಬೆರಳಲ್ಲಿ ನುಡಿಸುವವರಿಗೆ 17 ಸಾಕು, ನೆಕ್ ಕೂಡ ಸಣ್ಣಗಾಗುತ್ತದೆ. ನಟ್ ಅಗಲ 45ರಿಂದ 47. ನೆಕ್‌ನ ದಪ್ಪವನ್ನು ಸುಮ್ನೆ 'ತೆಳ್ಳಗಿರಲಿ' ಅಂತ ಹೇಳಬೇಡಿ. ಕೈಗೆ ಹಿತ ಅನ್ನಿಸಿದ ಯಾರದ್ದಾದರೂ ಬೇಸ್ ಸಿಕ್ಕರೆ ವರ್ನಿಯರ್ ಕ್ಯಾಲಿಪರ್‌ನಲ್ಲಿ ಒಂದನೇ ಮತ್ತು ಹನ್ನೆರಡನೇ ಫ್ರೆಟ್ ಹತ್ತಿರ ಅಳೆದುಕೊಳ್ಳಿ. ನೆಕ್‌ನ ಹಿಂಬದಿಯ ಬಾಗನ್ನು ರಟ್ಟಿನಲ್ಲಿ ಕತ್ತರಿಸಿಕೊಂಡು ಹೋಗಿ ಕೊಡಿ. ಒಳ್ಳೆಯ ಮೇಕರ್ ಆದರೆ ಅದನ್ನು ನೋಡಿಯೇ ಅವರಿಗೆ ನಿಮ್ಮ ಮೇಲೆ ಗೌರವ ಬರುತ್ತದೆ.

ತೂಕದ ಮಿತಿ ಬರೆದು ಕೊಡಿ. ಕೈ ಬಿಟ್ಟರೆ ಹೆಡ್ ನೆಲದ ಕಡೆ ವಾಲಬಾರದು ಅಂತಲೂ ಬರೆಯಿರಿ. ಐದು ಟ್ಯೂನರ್‌ಗಳ ಭಾರ ತುದಿಯಲ್ಲಿರುವುದರಿಂದ ಇದು ಆಗೇ ಆಗುತ್ತದೆ. ವಾಲುವ ನೆಕ್ಕನ್ನು ಎಡಗೈ ಹೊತ್ತುಕೊಂಡೇ ನುಡಿಸಬೇಕು, ನಿಮ್ಮ ಮಣಿಕಟ್ಟಿಗೆ ಅದು ಇನ್ನೊಂದು ಏಟು. ಬೆಲ್ಟ್ ಸಿಕ್ಕಿಸುವ ಮೇಲಿನ ಕೊಂಬು ಹನ್ನೆರಡನೇ ಫ್ರೆಟ್‌ವರೆಗೆ ಚಾಚಿರಲಿ, ಟ್ಯೂನರ್ ಹಗುರದ್ದಿರಲಿ.

ಆಕ್ಟಿವ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಕಾಲದಿಂದ 9 ವೋಲ್ಟ್ ಬ್ಯಾಟರಿಯ ಪ್ರಿಆಂಪ್ (ಅದೇ ಆಕ್ಟಿವ್ ಸರ್ಕಿಟ್) ಎಲ್ಲ ಕಡೆ ಇದೆ, ಯಾವಾಗ ಬೇಕಾದರೂ ಹಾಕಿಸಬಹುದು. ಮೊದಲು ಪಿಕಪ್ ಒಳ್ಳೆಯದು ತನ್ನಿ. ಹಾಕಿಸಿದರೆ ಬ್ಯಾಟರಿ ಸತ್ತಾಗ ಪ್ಯಾಸಿವ್‌ಗೆ ತಿರುಗಿಸುವ ಸ್ವಿಚ್ ಇರಲೇಬೇಕು. ಬ್ಯಾಟರಿ ಮುಚ್ಚಳ ಸ್ಕ್ರೂಡ್ರೈವರ್ ಇಲ್ಲದೆ ತೆಗೆಯುವಂತಿರಲಿ. ಪಿಕಪ್‌ನ ಜಾಗ ಮಾತ್ರ ಮೊದಲೇ ತೀರ್ಮಾನ ಆಗಬೇಕು. ಎಪ್ಪತ್ತರ ದಶಕದ ಜಾಝ್ ಬೇಸ್‌ನಲ್ಲಿ ಹಿಂದಿನ ಪಿಕಪ್ ಬ್ರಿಡ್ಜ್ ಕಡೆಗೆ ಸುಮಾರು ಒಂದು ಸೆಂಟಿಮೀಟರ್ ಸರಿದದ್ದಕ್ಕೇ ಸ್ವರ ಮೊನಚಾಯಿತು. ಅಮೆರಿಕದ ಬೇಸ್ ವಾದಕ ಮಾರ್ಕಸ್ ಮಿಲ್ಲರ್ ಅವರ ಸ್ಲ್ಯಾಪ್‌ನಲ್ಲಿ ಕೇಳುವ ಹೊಳಪಿಗೆ ಅದೂ ಒಂದು ಕಾರಣ. ಇನ್ನು ಒಳಗಿನ ಗುಂಡಿಗಳಿಗೆಲ್ಲ ತಾಮ್ರದ ಹಾಳೆ ಅಂಟಿಸಿ ಶೀಲ್ಡಿಂಗ್ ಮಾಡಿಸಿ. ನಮ್ಮ ಕಲ್ಯಾಣ ಮಂಟಪ, ಗಣೇಶನ ಪೆಂಡಾಲುಗಳ ಕರೆಂಟಿನಲ್ಲಿ ಜನರೇಟರ್, ಸೀರಿಯಲ್ ಲೈಟ್, ಡಿಮ್ಮರ್ ಎಲ್ಲದರ ಸದ್ದೂ ಪಿಕಪ್‌ಗೆ ಸೇರಿಕೊಳ್ಳುತ್ತದೆ.

ಬೇಸ್ ಕೈಗೆ ಬಂದ ದಿನ ಅಲ್ಲೇ ಪರೀಕ್ಷೆ ಮಾಡಿ. ಎಡಗೈಯಲ್ಲಿ ಬಿ ಸ್ಟ್ರಿಂಗನ್ನು ಒಂದನೇ ಫ್ರೆಟ್‌ನಲ್ಲಿ ಒತ್ತಿ, ಬಲಗೈಯಲ್ಲಿ ಕೊನೆಯ ಫ್ರೆಟ್‌ನಲ್ಲಿ ಒತ್ತಿ. ಚಾಚಿದ ಬೆರಳಿನಿಂದ ಎಂಟನೇ ಫ್ರೆಟ್ ಹತ್ತಿರ ಮೆಲ್ಲಗೆ ತಟ್ಟಿ. ಚಿಕ್ಕದಾಗಿ ಟಿಕ್ ಅನ್ನಬೇಕು, ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇರಬೇಕು. ಸದ್ದೇ ಇಲ್ಲದಿದ್ದರೆ ನೆಕ್ ಪೂರ್ತಿ ನೆಟ್ಟಗಿದೆ ಇಲ್ಲವೇ ಹಿಂದಕ್ಕೆ ಬಾಗಿದೆ, ಸಂದು ಜಾಸ್ತಿ ಇದ್ದರೆ ಮುಂದಕ್ಕೆ. ಆಮೇಲೆ ಹನ್ನೆರಡನೇ ಫ್ರೆಟ್‌ನ ಹಾರ್ಮೋನಿಕ್ (ಸ್ಟ್ರಿಂಗನ್ನು ಒತ್ತದೆ ಬರೀ ಮುಟ್ಟಿ ಮಿಡಿದಾಗ ಬರುವ ಸ್ವರ), ಒತ್ತಿದ ಸ್ವರ ಎರಡೂ ಶ್ರುತಿ ತೋರಿಸುವ ಟ್ಯೂನರ್ ಮೀಟರ್‌ನಲ್ಲಿ ಒಂದೇ ತೋರಿಸುತ್ತವಾ ನೋಡಿ. ಪ್ರತಿ ಫ್ರೆಟ್‌ನಲ್ಲೂ ಒಂದೊಂದು ಸ್ವರ ಪೂರ್ತಿ ಆರುವವರೆಗೆ ಬಿಟ್ಟು ಕೇಳಿ. ಎಲ್ಲಾದರೂ ಸತ್ತ ಸ್ವರ ಇದ್ದರೆ ಬಾಕಿ ಹಣ ಕೊಡುವ ಮೊದಲೇ ಹೇಳಿ. ಟ್ರಸ್ ರಾಡ್‌ನ ಆಲನ್ ಕೀ ಕೇಳಿ ತೆಗೆದುಕೊಳ್ಳಿ. ಮೊದಲ ಮಳೆಗಾಲ, ಮೊದಲ ಬೇಸಿಗೆ ಎರಡರಲ್ಲೂ ಹೊಸ ನೆಕ್ ಸ್ವಲ್ಪ ಅಲುಗಾಡುತ್ತದೆ. ಆ ಎರಡು ಸೆಟಪ್ ಮಾಡಿಕೊಡುವುದು ಬೆಲೆಯಲ್ಲೇ ಸೇರಿರಲಿ ಅಂತ ಅಡ್ವಾನ್ಸ್ ಕೊಡುವಾಗಲೇ ಬರೆಸಿಕೊಳ್ಳಿ.

ನಿಮ್ಮ ಈಗಿನ ಬೇಸ್‌ನ ನಟ್ ಅಗಲ, ತೂಕ, ನಿಂತಾಗ ಬೆಲ್ಟ್ ಎಷ್ಟು ಕೆಳಗಿರುತ್ತದೆ ಅನ್ನುವುದನ್ನು ಕಾಮೆಂಟಿನಲ್ಲಿ ಹಾಕಿ. ಸ್ಕೇಲ್ 33 ಸಾಕಾ, 34 ಬೇಕಾ ಅಂತ ಅದನ್ನು ನೋಡಿಕೊಂಡು ಹೇಳುತ್ತೇನೆ.