ಓದುಗರ ಪ್ರಶ್ನೆ: ಆಸ್ಪತ್ರೆಯಲ್ಲಿರುವ ಮಗುವಿನ ಮನೆಯವರಿಗೆ ಹೊರಗಿನ ನೆರವು

ಪ್ರಶ್ನೆ: ನಾನು ಮಕ್ಕಳ ವಾರ್ಡಿನ ನರ್ಸ್. ಮಗುವಿನ ಜ್ವರ, ಉಸಿರಾಟದ ಬಗ್ಗೆ ಸಲೀಸಾಗಿ ಕೇಳುತ್ತೇನೆ. ಮನೆಯಲ್ಲಿ ಊಟಕ್ಕೆ ತೊಂದರೆಯೇ, ಬಾಡಿಗೆ ಬಾಕಿಯಿದೆಯೇ ಎಂದು ಕೇಳಲು ಬಾಯಿ ಬರುವುದಿಲ್ಲ. ಯಾವಾಗ, ಹೇಗೆ ಕೇಳಲಿ?

ಉತ್ತರ: ದಾಖಲಾದ ಮೊದಲ ಗಂಟೆಗಳಲ್ಲಿ ಬೇಡ, ಆಗ ತಾಯಿತಂದೆಯ ಜೀವವೆಲ್ಲ ಮಗುವಿನ ಮೇಲಿರುತ್ತದೆ. ಡಿಸ್ಚಾರ್ಜ್ ದಿನಕ್ಕೂ ತಳ್ಳಬೇಡಿ, ಅಂದು ಗೊತ್ತಾದ ಕೊರತೆಗೆ ಯಾರನ್ನೂ ಹುಡುಕಲು ಸಮಯವಿರುವುದಿಲ್ಲ. ಮಗು ತುಸು ಚೇತರಿಸಿಕೊಂಡ ಕೂಡಲೇ ಕೇಳಿ. "ಈ ವಾರ್ಡಿಗೆ ಬರುವ ಎಲ್ಲರನ್ನೂ ಕೇಳುತ್ತೇವೆ" ಎಂದು ಶುರುಮಾಡಿ, ನಿಜವಾಗಿಯೂ ಎಲ್ಲರನ್ನೂ ಕೇಳಿ. ಬಟ್ಟೆಬರೆ ನೋಡಿ ಆರಿಸಿ ಕೇಳಿದರೆ ಅವಮಾನವೂ ಆಗುತ್ತದೆ, ಕಷ್ಟದಲ್ಲಿರುವ ಎಷ್ಟೋ ಮಂದಿ ತಪ್ಪಿಯೂ ಹೋಗುತ್ತಾರೆ.

ಊಟದ ವಿಷಯಕ್ಕೆ ಎರಡೇ ಪ್ರಶ್ನೆಗಳು ಸಾಕು; ಅವು ಪರೀಕ್ಷೆಗೊಳಪಟ್ಟು 2010ರಲ್ಲಿ ಪ್ರಕಟವಾದವು. ಕಳೆದ 12 ತಿಂಗಳಲ್ಲಿ, ಮತ್ತೆ ಕೊಳ್ಳಲು ಹಣ ಬರುವ ಮೊದಲೇ ದಿನಸಿ ಮುಗಿದೀತೆಂದು ಚಿಂತೆಯಾಗಿತ್ತೇ? ತಂದ ದಿನಸಿ ಸಾಲದೆ, ಮತ್ತೆ ತರಲು ಹಣವಿಲ್ಲದೆ ಹೋಗಿತ್ತೇ? ಎರಡರಲ್ಲಿ ಒಂದಕ್ಕೆ "ಆಗಾಗ" ಅಥವಾ "ಒಮ್ಮೊಮ್ಮೆ" ಎಂದರೂ ತೊಂದರೆಯಿರಬಹುದೆಂದು ತಿಳಿಯಿರಿ. ಮನೆ, ಓಡಾಟ, ವಿದ್ಯುತ್ತು–ನೀರಿನ ಬಾಕಿ ಇವನ್ನೂ ಇಷ್ಟೇ ಚಿಕ್ಕದಾಗಿ ಕೇಳಬಹುದು. ಬಾಯಲ್ಲಿ ಹೇಳಲು ಸಂಕೋಚಪಡುವವರಿಗೆ ಹಾಳೆಯಲ್ಲಿ ಗುರುತು ಹಾಕಲು ಕೊಡಿ. ಮನೆಯೊಳಗಿನ ಹಿಂಸೆಯ ಪ್ರಶ್ನೆಯನ್ನು ಮಾತ್ರ ಒಬ್ಬರೇ ಇರುವಾಗ ಕೇಳಿ. ಸಂಗಾತಿ ಪಕ್ಕದಲ್ಲಿದ್ದರೆ ಬಾಯಲ್ಲೂ ಬೇಡ, ಹಾಳೆಯಲ್ಲೂ ಬೇಡ.

ಕೊನೆಯಲ್ಲಿ "ಇದರಲ್ಲಿ ಯಾವುದಕ್ಕೆ ಈಗ ನಮ್ಮ ನೆರವು ಬೇಕು?" ಎಂದು ಕೇಳುವುದನ್ನು ಮರೆಯಬೇಡಿ. ಕೊರತೆಯಿದೆ ಎಂದವರೆಲ್ಲ ನೆರವು ಬಯಸುವುದಿಲ್ಲ. ಏನೂ ಕೊರತೆಯಿಲ್ಲ ಎಂದು ಗುರುತು ಹಾಕಿದವರೂ ಈ ಪ್ರಶ್ನೆಗೆ ಮನಬಿಚ್ಚುವುದುಂಟು.

ಪ್ರಶ್ನೆ: ನಮ್ಮ ಸ್ವಯಂಸೇವಕರು ಪ್ರತಿ ಕುಟುಂಬಕ್ಕೂ ಸಂಸ್ಥೆಗಳ ಪಟ್ಟಿ ಕೊಡುತ್ತಾರೆ. ತಿಂಗಳಾದ ಮೇಲೆ ವಿಚಾರಿಸಿದರೆ ಯಾರಿಗೂ ಏನೂ ಸಿಕ್ಕಿರುವುದಿಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ: ಮೊದಲು ಪಟ್ಟಿಯನ್ನೇ ಅನುಮಾನಿಸಿ. ಅದರಲ್ಲಿರುವ ಪ್ರತಿ ಸಂಖ್ಯೆಗೂ ಈ ವಾರವೇ ನೀವೇ ಕರೆಮಾಡಿ. ಬದಲಾದ ನಂಬರು, ನಿಂತುಹೋದ ಸೇವೆ, ಉದ್ದದ ಕಾಯುವ ಸಾಲು, ಕುಟುಂಬಕ್ಕೆ ಹೊಂದದ ಅರ್ಹತೆ, ಕೈಯಲ್ಲಿಲ್ಲದ ದಾಖಲೆ: ನೆರವು ಸಾಮಾನ್ಯವಾಗಿ ಇಲ್ಲೇ ಕಡಿದುಹೋಗುತ್ತದೆ. ಪ್ರತಿ ಸಂಸ್ಥೆಯ ಮುಂದೆ ಯಾರಿಗೆ ಕೊಡುತ್ತಾರೆ, ಯಾವ ಕಾಗದ ಕೇಳುತ್ತಾರೆ, ಎಷ್ಟು ದಿನ ಹಿಡಿಯುತ್ತದೆ, ಯಾವ ಭಾಷೆ ನಡೆಯುತ್ತದೆ ಎಂದು ಬರೆಯಿರಿ. ಪರಿಶೀಲಿಸಿದ ದಿನಾಂಕವೂ ಇರಲಿ. ಮೂರು ತಿಂಗಳಿಗೊಮ್ಮೆ ತಿದ್ದಿ. ನಲವತ್ತು ಹೆಸರಿನ ಪಟ್ಟಿಗಿಂತ ಆ ಕುಟುಂಬಕ್ಕೆ ಹೊಂದುವ ಎರಡು ಹೆಸರು ಮೇಲು.

ಇನ್ನೊಂದು, ಮಗುವಿನ ಬಳಿ ಹಗಲಿರುಳು ಕೂತವರಿಗೆ ಫೋನು ಹಿಡಿದು ಕಾಯುವ ತ್ರಾಣವಿರುವುದಿಲ್ಲ. ಒಪ್ಪಿಗೆ ಪಡೆದು, ಅವರ ಎದುರಿಗೇ ನೀವು ಕರೆಮಾಡಿ, ಆ ಕಡೆಯವರ ಹೆಸರು ಕೇಳಿ, ಮಾತು ಕೂಡಿಸಿ ಕೊಡಿ. ಅರ್ಜಿಯನ್ನು ಹಾಸಿಗೆಯ ಪಕ್ಕದಲ್ಲೇ ಕೂತು ತುಂಬಿಸಿ. ಅಮೆರಿಕದಲ್ಲಿ 1,809 ಕುಟುಂಬಗಳೊಂದಿಗೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬರೀ ಲಿಖಿತ ಮಾಹಿತಿ ಪಡೆದವರಿಗೆ ಹೋಲಿಸಿದರೆ, ಸಿಬ್ಬಂದಿ ಜೊತೆಗೆ ನಿಂತು ನೆರವು ಕೊಟ್ಟ ಕುಟುಂಬಗಳ ಕೊರತೆಗಳು 4 ತಿಂಗಳಲ್ಲಿ ಇಳಿದವು; ಮಕ್ಕಳ ಆರೋಗ್ಯವೂ ಸುಧಾರಿಸಿತೆಂದು ಪೋಷಕರು ಹೇಳಿದರು.

ಡಿಸ್ಚಾರ್ಜ್ ಆಗಿ ಎರಡು ಮೂರು ದಿನಕ್ಕೆ ಒಂದು ಸಲ, ಎರಡು ವಾರವಾದ ಮೇಲೆ ಇನ್ನೊಂದು ಸಲ ಕರೆಮಾಡಿ. "ಸಂಪರ್ಕಿಸಿದಿರಾ?" ಎಂದಲ್ಲ, "ಕೈಗೆ ಬಂತೇ?" ಎಂದು ಕೇಳಿ. ಬಂದಿಲ್ಲವೆಂದರೆ ಕಾರಣ ಬರೆದುಕೊಂಡು ಅಂದೇ ಎರಡನೇ ಹೆಸರಿಗೆ ಹೋಗಿ. ಪುಸ್ತಕದಲ್ಲಿ "ಕಳುಹಿಸಲಾಗಿದೆ" ಎಂದು ಬರೆದು ಮುಚ್ಚಿದ ಪ್ರಕರಣವನ್ನು ದಯವಿಟ್ಟು ಮುಗಿದದ್ದೆಂದು ಎಣಿಸಬೇಡಿ.

ಪ್ರಶ್ನೆ: ನಮ್ಮ ಮಗು ವಾರ್ಡಿನಲ್ಲಿದೆ. ಮನೆಯ ಕಷ್ಟವನ್ನೆಲ್ಲ ಹೇಳಿಕೊಂಡರೆ ಮಗುವನ್ನೇ ನಮ್ಮಿಂದ ದೂರಮಾಡುತ್ತಾರೇನೋ ಎಂದು ಭಯ. ಉತ್ತರಿಸಲೇಬೇಕೇ?

ಉತ್ತರ: ಬೇಕಿಲ್ಲ. ನೀವು ಉತ್ತರಿಸದಿದ್ದರೂ ಮಗುವಿನ ಚಿಕಿತ್ಸೆಯಲ್ಲಿ ಕಡಿಮೆಯಾಗಬಾರದು. ಮೊದಲು ನೀವೇ ಕೇಳಿ: ಇದನ್ನು ಎಲ್ಲಿ ಬರೆಯುತ್ತೀರಿ, ಯಾರು ಓದುತ್ತಾರೆ, ಹೊರಗಿನವರಿಗೆ ಏನೇನು ಕೊಡುತ್ತೀರಿ? ಬಡತನ ಅಪರಾಧವಲ್ಲ. ಆದರೆ ಮಗುವಿಗೆ ಹಿಂಸೆಯಾಗುತ್ತಿದೆ ಎಂಬ ಅನುಮಾನವಿದ್ದರೆ ಸಿಬ್ಬಂದಿ ವರದಿ ಮಾಡಲೇಬೇಕೆಂಬ ಕಾನೂನು ಹಲವು ದೇಶಗಳಲ್ಲಿದೆ. ಅದನ್ನು ಪ್ರಶ್ನೆ ಕೇಳುವ ಮುನ್ನವೇ ನಿಮಗೆ ತಿಳಿಸುವುದು ಅವರ ಕರ್ತವ್ಯ.

ಪ್ರಶ್ನೆ: ಭಾಷೆ ಬಾರದ ತಾಯಿಗೆ ಅವರ ದೊಡ್ಡ ಮಗಳೇ ಅನುವಾದ ಮಾಡಿ ಹೇಳಿದರೆ ಸಾಕೇ?

ಉತ್ತರ: ಸಾಲದು. ಮಗಳ ಮುಂದೆ ತಾಯಿ ಸಾಲದ ಮಾತಾಗಲಿ, ಹಸಿವಿನ ಮಾತಾಗಲಿ ಎತ್ತಲಾರಳು. ಹಾಗೆ ಎತ್ತಿದರೆ ಆ ಭಾರ ಮಗಳ ತಲೆಗೇರುತ್ತದೆ. ತರಬೇತಿ ಪಡೆದ ಅನುವಾದಕರನ್ನು ಫೋನಿನಲ್ಲಾದರೂ ಕರೆಸಿ.