ಹಸಿರು ಮುಖದ ಮಾಟಗಾತಿಗೆ ನಿಜವಾಗಿಯೂ ಬೆಂಕಿ ತಗುಲಿತ್ತೇ?

ನಿಮ್ಮ ಪ್ರಶ್ನೆ ಹೀಗಿದೆ: “‘ದಿ ವಿಝಾರ್ಡ್ ಆಫ್ ಓಝ್’ ಎಂಬ ಹಳೆಯ ಹಾಡುಗಳ ಚಿತ್ರದಲ್ಲಿ ಮಾಟಗಾತಿಯಾಗಿದ್ದ ನಟಿಗೆ ಚಿತ್ರೀಕರಣದಲ್ಲೇ ಬೆಂಕಿ ತಗುಲಿತ್ತಂತೆ, ನಿಜವೇ? ಆಮೇಲೆ ಆಕೆ ಆ ಚಿತ್ರದ ಬಗ್ಗೆ ಏನು ಹೇಳಿಕೊಂಡಿದ್ದಾರೆ? ಅದು ಶಾಪಗ್ರಸ್ತ ಚಿತ್ರ ಎನ್ನುವ ವಿಡಿಯೋ ನೋಡಿ ಕೇಳುತ್ತಿದ್ದೇನೆ.”

ಬೆಂಕಿ ತಗುಲಿದ್ದು ನಿಜ. 1938ರ ಡಿಸೆಂಬರ್ 23ರಂದು, ಎಂಜಿಎಂ ಸ್ಟುಡಿಯೋದಲ್ಲಿ. ಶಾಪದ ಮಾತು ಬೊಗಳೆ. ಇವೆರಡಕ್ಕೆ ಉತ್ತರ ಇಷ್ಟೇ. ಆದರೆ ನಡುವಿನ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನೀವು ಕೇಳಿದ್ದೀರಿ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನಾನು ಸಿನಿಮಾದವನಲ್ಲ. ಮೂವತ್ತು ವರ್ಷಗಳಿಂದ ಮಕ್ಕಳ ನಾಟಕಗಳಿಗೆ ಬಣ್ಣ ಹಚ್ಚುತ್ತಿದ್ದೇನೆ. ರಾಕ್ಷಸಿ, ಮಾಟಗಾತಿ, ಮಲತಾಯಿ ಎಲ್ಲರೂ ನನ್ನ ಪೆಟ್ಟಿಗೆಯಿಂದಲೇ ಎದ್ದು ಬಂದವರು. ಹಾಗಾಗಿ ಈ ನಟಿಯ ಮಾತುಗಳನ್ನು ನಾನು ಬಣ್ಣದವನ ಕಿವಿಯಿಂದಲೇ ಕೇಳಿದ್ದೇನೆ.

ಆಕೆಯ ಹೆಸರು ಮಾರ್ಗರೆಟ್ ಹ್ಯಾಮಿಲ್ಟನ್. 1902ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಹುಟ್ಟಿದವರು. ನಟಿಯಾಗುವ ಮೊದಲು ಶಿಶುವಿಹಾರದ ಟೀಚರ್ ಆಗಿದ್ದರು. ಮಕ್ಕಳನ್ನು ಮುದ್ದಿನಿಂದ ಸಂಭಾಳಿಸಿದ ಅದೇ ಹೆಂಗಸು ಮುಂದೆ ತಲೆಮಾರುಗಟ್ಟಲೆ ಮಕ್ಕಳನ್ನು ಸೋಫಾದ ಹಿಂದೆ ಅವಿತುಕೊಳ್ಳುವಂತೆ ಮಾಡಿದರು. ಚಿತ್ರದ ಮೊದಲ ಭಾಗದಲ್ಲಿ ಸೈಕಲ್ ತುಳಿದುಕೊಂಡು ಬಂದು ಕಥಾನಾಯಕಿ ಹುಡುಗಿ ಡೊರೊಥಿಯ ನಾಯಿಯನ್ನು ಬುಟ್ಟಿಗೆ ತುರುಕಿಕೊಂಡು ಹೋಗುವ ಸಿಡುಕಿ ಮಿಸ್ ಗಲ್ಚ್ ಕೂಡ ಅವರೇ. ಇಷ್ಟೆಲ್ಲ ಹೆದರಿಸಿದವರು ಮಾಟಗಾತಿಯಾಗಿ ತೆರೆಯ ಮೇಲಿರುವುದು ಸುಮಾರು ಹನ್ನೆರಡು ನಿಮಿಷ ಮಾತ್ರ ಎಂದರೆ ನಂಬುವುದು ಕಷ್ಟ.

ಪಾತ್ರ ಸಿಕ್ಕಿದ ಕಥೆಯನ್ನು ಅವರು ಬಾಯ್ತುಂಬ ನಗುತ್ತ ಹೇಳುತ್ತಿದ್ದರು. ಓಝ್ ಕಥೆ ಬಾಲ್ಯದಿಂದಲೂ ಅವರ ಅಚ್ಚುಮೆಚ್ಚಿನದು. ಏಜೆಂಟ್ ಫೋನ್ ಮಾಡಿ, ಎಂಜಿಎಂನವರು ಆ ಕಥೆಗೆ ನಿಮ್ಮನ್ನು ಕೇಳುತ್ತಿದ್ದಾರೆ ಎಂದಾಗ ಹಿಗ್ಗಿಹೋದರಂತೆ. ಯಾವ ಪಾತ್ರ ಎಂದು ಕೇಳಿದ್ದಕ್ಕೆ ಆ ಕಡೆಯಿಂದ ಬಂದ ಉತ್ತರ: ಮಾಟಗಾತಿಯದು, ಮತ್ತಿನ್ಯಾವುದು! ಅವರಿಗಿಂತ ಮೊದಲು ಗೇಲ್ ಸಾಂಡರ್‌ಗಾರ್ಡ್ ಎಂಬ ನಟಿಯನ್ನು ಇಟ್ಟುಕೊಂಡು ಮಿನುಗುವ ಉಡುಪಿನ ಚೆಲುವೆ ಮಾಟಗಾತಿಯ ಪ್ರಯೋಗ ನಡೆದಿತ್ತು. ಮಾಟಗಾತಿ ಕುರೂಪಿಯಾಗಿಯೇ ಇರಲಿ ಎಂದು ಸ್ಟುಡಿಯೋ ಮನಸ್ಸು ಬದಲಿಸಿದಾಗ ಆಕೆ ಒಲ್ಲೆ ಎಂದರು. ಮೂಗು ಉದ್ದ, ಗಲ್ಲ ಚೂಪು ಎಂದು ತಮ್ಮನ್ನು ಕರೆದಿದ್ದಾರೆ ಎಂಬುದು ಹ್ಯಾಮಿಲ್ಟನ್ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಅವರು ನೊಂದುಕೊಂಡವರಲ್ಲ, ಲೆಕ್ಕ ಹಾಕಿದವರು. ಆಗಷ್ಟೇ ವಿಚ್ಛೇದನವಾಗಿತ್ತು, ಮನೆಯಲ್ಲಿ ಪುಟ್ಟ ಮಗನಿದ್ದ, ದುಡಿಯುವ ಕೈ ಒಂದೇ. ಆರು ವಾರದ ಕೆಲಸ ಖಾತ್ರಿ ಮಾಡಿ ಎಂದು ಪಟ್ಟು ಹಿಡಿದರು. ಸ್ಟುಡಿಯೋ ಎಳೆದಾಡಿ ಐದಕ್ಕೆ ಒಪ್ಪಿತು. ಆಮೇಲೆ ನಿರ್ದೇಶಕರು ಒಬ್ಬರ ಹಿಂದೆ ಒಬ್ಬರು ಬದಲಾಗಿ, ಕೊನೆಗೆ ವಿಕ್ಟರ್ ಫ್ಲೆಮಿಂಗ್ ಬಂದು, ಆ ಐದು ವಾರ ತಿಂಗಳುಗಟ್ಟಲೆ ಹಿಗ್ಗಿದ್ದು ಬೇರೆ ಮಾತು.

ಅವರ ನೆನಪುಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಬೆಂಕಿಯದಲ್ಲ, ಊಟದ್ದು. ಒಳ್ಳೆಯ ಮಾಟಗಾತಿ ಗ್ಲಿಂಡಾ ಆಗಿದ್ದ ಬಿಲ್ಲಿ ಬರ್ಕ್ ಅವರಿಗೆ ಸೆಟ್‌ನಲ್ಲಿ ಗುಲಾಬಿ ಮತ್ತು ನೀಲಿ ಬಣ್ಣದ ಪ್ರತ್ಯೇಕ ಕೋಣೆ ಇತ್ತು. ಅಲ್ಲಿನ ಪೌಡರ್ ಪಫ್‌ಗಳೂ ಗುಲಾಬಿ-ನೀಲಿ, ಸೀಸೆಗಳೂ ಗುಲಾಬಿ-ನೀಲಿ, ಬಾಯಿಗೆ ಹಾಕಿಕೊಳ್ಳುವ ಪೆಪ್ಪರ್‌ಮಿಂಟೂ ಗುಲಾಬಿ-ನೀಲಿ. ಹ್ಯಾಮಿಲ್ಟನ್ ಅವರಿಗೆ ಇದ್ದದ್ದು ಕ್ಯಾನ್ವಾಸ್ ಬಟ್ಟೆಯ ಒಂದು ಡೇರೆ. ಬರ್ಕ್ ಅವರಿಗೆ ಕೆಲಸವಿಲ್ಲದ ದಿನ ಇವರು ಮೆಲ್ಲಗೆ ಆ ಕೋಣೆಗೆ ನುಸುಳಿ ಮಧ್ಯಾಹ್ನದ ಊಟ ಮಾಡುತ್ತಿದ್ದರಂತೆ. ದಶಕಗಳ ನಂತರ, ಆ ಚಿತ್ರ ತಯಾರಾದ ಬಗೆಯನ್ನು ಕುರಿತು 1977ರಲ್ಲಿ ಪುಸ್ತಕ ಬರೆದ ಪತ್ರಕರ್ತೆ ಅಲ್ಜೀನ್ ಹಾರ್ಮೆಟ್ಜ್ ಮುಂದೆ ಇದನ್ನು ಹೇಳುವಾಗಲೂ ಪೆಪ್ಪರ್‌ಮಿಂಟಿನ ಬಣ್ಣವನ್ನು ಅವರು ಮರೆತಿರಲಿಲ್ಲ. ಗ್ರೀನ್ ರೂಮಿನಲ್ಲಿ ಯಾರಿಗೆ ಕುರ್ಚಿ, ಯಾರಿಗೆ ಚಾಪೆ ಎಂಬುದನ್ನು ಚಿಕ್ಕ ಪಾತ್ರದವರು ಸಾಯುವವರೆಗೂ ನೆನಪಿಟ್ಟುಕೊಳ್ಳುತ್ತಾರೆ. ಇದನ್ನು ಬೇಕಾದರೆ ಬರೆದು ಕೊಡುತ್ತೇನೆ.

ಊಟ ಎಂದೆನಲ್ಲ, ಅದೂ ಬಣ್ಣ ಹಚ್ಚಿದ ಮೇಲೆ ಸುಲಭವಿರಲಿಲ್ಲ. ಆ ಹಸಿರು ಬಣ್ಣದಲ್ಲಿ ತಾಮ್ರದ ಅಂಶವಿತ್ತು. ತಾಮ್ರ ಎಂದರೆ ನಮ್ಮ ಮನೆಗಳಲ್ಲಿ ವಿವರಿಸಬೇಕಿಲ್ಲ: ಕಲಾಯಿ ಹೋದ ಪಾತ್ರೆಗೆ ಹಿಡಿಯುವ ಹಸಿರು ಕಿಲುಬು ಹೊಟ್ಟೆಗೆ ಹೋಗಬಾರದು ಎಂದು ಅಜ್ಜಿಯಂದಿರೆಲ್ಲ ಗದರಿದವರೇ. ಅಂಥದ್ದನ್ನು ಮುಖ, ಕುತ್ತಿಗೆ, ಕೈಗಳಿಗೆ ಬಳಿದುಕೊಂಡು ದಿನವಿಡೀ ಇರಬೇಕು. ಬಾಯಿಗೆ ಹೋಗದ ಹಾಗೆ ಸ್ಟ್ರಾ ಹಾಕಿ ದ್ರವಾಹಾರ ಕುಡಿಯಬೇಕು. ಟೆಕ್ನಿಕಲರ್ ಎಂಬ ವಿಧಾನದ ಬಣ್ಣದ ಚಿತ್ರೀಕರಣಕ್ಕೆ ಆಗ ಬೇಕಾಗುತ್ತಿದ್ದ ದೀಪಗಳ ಝಳಕ್ಕೆ ಸೆಟ್ಟಿನ ಶಾಖ 38 ಡಿಗ್ರಿ ದಾಟುತ್ತಿತ್ತು. ಚಿತ್ರೀಕರಣ ಮುಗಿದ ಮೇಲೂ ವಾರಗಟ್ಟಲೆ ಅವರ ಚರ್ಮದಿಂದ ಹಸಿರು ಛಾಯೆ ಪೂರ್ತಿ ಬಿಟ್ಟಿರಲಿಲ್ಲ. ನಾನು ಕಸುಬು ಕಲಿತದ್ದು ಸಫೇದ ಎಂಬ ಬಿಳಿ ಪುಡಿ ಮತ್ತು ಕೊಬ್ಬರಿ ಎಣ್ಣೆಯಿಂದ. ಯಾವ ಬಣ್ಣವನ್ನೇ ಆಗಲಿ ಮೊದಲು ನನ್ನ ಮುಂಗೈಗೆ ಹಚ್ಚಿ ಅರ್ಧ ಗಂಟೆ ಬಿಟ್ಟು, ಎಣ್ಣೆಯಲ್ಲಿ ಒರೆಸಿ ನೋಡದೆ ಮಗುವಿನ ಮುಖಕ್ಕೆ ತಾಗಿಸಿದವನಲ್ಲ. ಆ ಕಾಲದ ಅಷ್ಟು ದೊಡ್ಡ ಸ್ಟುಡಿಯೋಗೆ ಈ ಅರ್ಧ ಗಂಟೆ ಇರಲಿಲ್ಲವೇ ಎಂದು ಸಿಟ್ಟು ಬರುತ್ತದೆ.

ಈಗ ಆ ದಿನಕ್ಕೆ ಬರೋಣ. ಕುಳ್ಳರ ಊರಾದ ಮಂಚ್‌ಕಿನ್‌ಲ್ಯಾಂಡ್‌ನಲ್ಲಿ ಮಾಟಗಾತಿ ಡೊರೊಥಿಯನ್ನು ಬೆದರಿಸಿ, ಹಿಂದೆ ಹಿಂದೆ ಸರಿದು, ಗಿರ್ರನೆ ತಿರುಗಿ ಕೆಂಪು ಹೊಗೆಯಲ್ಲಿ ಮಾಯವಾಗುತ್ತಾಳೆ. ನೀವು ಆ ಭಾಗವನ್ನು ನಿಧಾನವಾಗಿ ಓಡಿಸಿ ನೋಡಿ. ಮೊದಲು ಹೊಗೆ ಏಳುತ್ತದೆ, ಅದರೊಳಗೆ ಕಪ್ಪು ಆಕೃತಿ ಮುಚ್ಚಿಹೋಗುತ್ತದೆ, ಆಮೇಲೆ ಜ್ವಾಲೆ ಭಗ್ಗೆನ್ನುತ್ತದೆ. ಹೊಗೆಯ ಮರೆಯಲ್ಲಿ ನೆಲಕ್ಕೆ ಅಳವಡಿಸಿದ ಲಿಫ್ಟ್ ಅವರನ್ನು ಸರ್ರನೆ ಕೆಳಕ್ಕೆ ಇಳಿಸಬೇಕು, ತಲೆ ನೆಲಮಟ್ಟದಿಂದ ಕೆಳಗೆ ಹೋದ ಮೇಲೆ ಬೆಂಕಿ. ನಟಿಯ ಕೆಲಸ ಬೆನ್ನು ಹಿಂದಾಗಿ ನಡೆದು ಸರಿಯಾಗಿ ಆ ಚೌಕದ ಮೇಲೆ ನಿಲ್ಲುವುದು, ಪೊರಕೆ, ಕೈ, ನಿಲುವಂಗಿ ಎಲ್ಲವನ್ನೂ ಮೈಗೆ ಒತ್ತಿಕೊಳ್ಳುವುದು. ಮೊದಲ ಟೇಕ್ ಚೆನ್ನಾಗಿಯೇ ಬಂತು. ಇನ್ನೊಂದಿರಲಿ ಎಂದರು. (ಈ “ಇನ್ನೊಂದಿರಲಿ” ಎಂಬ ಮಾತಿನಷ್ಟು ಅಪಾಯದ್ದು ನಮ್ಮ ಕಸುಬಿನಲ್ಲಿ ಬೇರೆ ಇಲ್ಲ.) ಮತ್ತೆ ತೆಗೆಯುವಾಗ ಬೆಂಕಿ ಅವಸರ ಮಾಡಿತು. ಅವರಿನ್ನೂ ಪೂರ್ತಿ ಕೆಳಗಿಳಿದಿರಲಿಲ್ಲ. ಟೋಪಿಗೂ ಪೊರಕೆಗೂ ಹತ್ತಿಕೊಂಡಿತು, ಮುಖ ಮತ್ತು ಬಲಗೈ ಬೆಂದವು.

ಅದಕ್ಕಿಂತ ಘೋರವಾದದ್ದು ಮುಂದಿನದು. ಸುಟ್ಟ ಚರ್ಮದ ಮೇಲೆ ಆ ತಾಮ್ರದ ಬಣ್ಣವನ್ನು ಹಾಗೆಯೇ ಬಿಟ್ಟರೆ ವಿಷವಾಗುತ್ತದೆ. ತೆಗೆಯಲೇಬೇಕು, ತಕ್ಷಣ ತೆಗೆಯಬೇಕು. ಮೇಕಪ್ ಮಾಡಿದವರೇ ಆಲ್ಕೋಹಾಲ್‌ನಲ್ಲಿ ಒರೆಸಿ ಒರೆಸಿ ತೆಗೆದರು. ಸುಟ್ಟ ಗಾಯಕ್ಕೆ ಆಲ್ಕೋಹಾಲ್. ಉರಿ ಎಷ್ಟಿತ್ತು ಎಂದು ನಾನು ವರ್ಣಿಸುವುದಿಲ್ಲ. ಆದರೆ ಒರೆಸಿದವನ ಕೈ ಹೇಗೆ ನಡುಗಿರಬಹುದು ಎಂಬುದನ್ನು ನಾನು ಆಗಾಗ ಯೋಚಿಸಿದ್ದೇನೆ. ಒಮ್ಮೆ ನಮ್ಮದೇ ನಾಟಕದಲ್ಲಿ ಪಂಜಿಗೆ ರಾಳದ ಪುಡಿ ಎರಚುವವನು ಒಂದು ಮಾತು ಮೊದಲೇ ಎರಚಿಬಿಟ್ಟಿದ್ದ. ರಾಕ್ಷಸನಾಗಿದ್ದ ಹುಡುಗನ ಹುಬ್ಬು ಚುರ್ರೆಂದು ಸುಟ್ಟುಹೋಯಿತು. ಬರೀ ಹುಬ್ಬು. ಅವನ ಮುಖದಿಂದ ಬಣ್ಣ ಒರೆಸುವಾಗ ಎಣ್ಣೆಯ ಬಟ್ಟಲು ನನ್ನ ಕೈಯಿಂದ ಎರಡು ಸಲ ಜಾರಿತ್ತು. ಅಂದಿನಿಂದ ನನ್ನ ನಾಟಕಗಳಲ್ಲಿ ರಾಳ ಇಲ್ಲ, ಕೆಂಪು ದೀಪ ಅಷ್ಟೇ.

ಹ್ಯಾಮಿಲ್ಟನ್ ಆರು ವಾರಗಳಿಗೂ ಹೆಚ್ಚು ಮನೆಯಲ್ಲಿ ಉಳಿದರು. ಸ್ಟುಡಿಯೋ ಮೇಲೆ ದಾವೆ ಹೂಡಲಿಲ್ಲ. ಕಾರಣವನ್ನು ಸಂಕೋಚವಿಲ್ಲದೆ ಹೇಳುತ್ತಿದ್ದರು: ಈ ಉದ್ಯಮ ಹೇಗೆ ನಡೆಯುತ್ತದೆಂದು ತನಗೆ ಗೊತ್ತು, ದಾವೆ ಹಾಕಿದರೆ ಮತ್ತೆ ಯಾರೂ ಕೆಲಸ ಕೊಡುವುದಿಲ್ಲ. ಹಿಂತಿರುಗಿ ಬರಲು ಒಂದೇ ಷರತ್ತು ಹಾಕಿದರು, ಇನ್ನು ಬೆಂಕಿಯ ಆಟ ಬೇಡ. ಬಂದಾಗಲೂ ಕೈಯ ನರಗಳು ಇನ್ನೂ ಹಸಿಯಾಗಿದ್ದವು, ಬಣ್ಣ ಬಳಿಯುವ ಹಾಗಿರಲಿಲ್ಲ. ಹಸಿರು ಕೈಗವಸು ತೊಡಿಸಿ ಚಿತ್ರೀಕರಿಸಿದರು.

ಷರತ್ತಿನ ಪರೀಕ್ಷೆಗೆ ಹೆಚ್ಚು ದಿನ ಬೇಕಾಗಲಿಲ್ಲ. ಹೊಗೆಯುಗುಳುವ ಪೊರಕೆಯ ಮೇಲೆ ಕೂತು ಆಕಾಶದಲ್ಲಿ ಬರೆಯುವ ದೃಶ್ಯಕ್ಕೆ ಕರೆದಾಗ ಅವರು ಕೂರುವುದಿಲ್ಲ ಎಂದರು. ಬದಲಿಗೆ ಕೂತವರು ಅವರ ಡ್ಯೂಪ್ ಬೆಟ್ಟಿ ಡ್ಯಾಂಕೊ. ಪೊರಕೆಯಲ್ಲಿ ಅಡಗಿಸಿದ್ದ ಹೊಗೆಯ ಕೊಳವೆ ಸಿಡಿಯಿತು. ಡ್ಯಾಂಕೊ ಕಾಲಿಗೆ ಗಾಯವಾಗಿ ಆಸ್ಪತ್ರೆ ಸೇರಿದರು. ಬೇಡ ಎಂದವರು ಬಚಾವಾದರು, ಬೇಡ ಎನ್ನಲಾಗದವರು ಸಿಕ್ಕಿಕೊಂಡರು. ಆ ಹೆಂಗಸಿನ ಹೆಸರು ನೀವು ನೋಡಿದ ವಿಡಿಯೋದಲ್ಲಿ ಬಂದಿತ್ತೇ? ನನಗೆ ಅನುಮಾನ.

ಈ ಶಾಪದ ಕಥೆ ನನಗೆ ರೇಜಿಗೆ ಹುಟ್ಟಿಸುವುದು ಇದಕ್ಕೇ. ತಗಡು ಮನುಷ್ಯನ ಪಾತ್ರಕ್ಕೆ ಮೊದಲು ಬಂದ ಬಡ್ಡಿ ಎಬ್ಸೆನ್ ಉಸಿರಾಡಲಾಗದೆ ಆಸ್ಪತ್ರೆ ಸೇರಿದ್ದು ಅವರ ಮುಖಕ್ಕೆ ಉದುರಿಸಿದ ಅಲ್ಯೂಮಿನಿಯಂ ಪುಡಿಯಿಂದ. ಅವರ ಜಾಗಕ್ಕೆ ಜ್ಯಾಕ್ ಹೇಲಿ ಬಂದಾಗ ಪುಡಿ ಬಿಟ್ಟು ಲೇಪ ಮಾಡಿ ಹಚ್ಚಿದರು, ಸರಿಹೋಯಿತು. ಪುಡಿಯನ್ನು ಕಲಸಿ ಹಚ್ಚಿದ್ದಕ್ಕೆ ಓಡಿಹೋಗುವ ಶಾಪ ಎಂಥ ಶಾಪ? ಇನ್ನು ಕಾಡಿನ ದೃಶ್ಯದ ಹಿನ್ನೆಲೆಯಲ್ಲಿ ಯಾರೋ ನೇಣು ಹಾಕಿಕೊಂಡಿದ್ದು ಕಾಣುತ್ತದೆ ಎನ್ನುತ್ತಾರಲ್ಲ, ಅದು ಸೆಟ್ಟಿನಲ್ಲಿ ಬಿಟ್ಟಿದ್ದ ದೊಡ್ಡ ಹಕ್ಕಿ. ರೆಕ್ಕೆ ಬಿಚ್ಚುತ್ತದೆ, ಅಷ್ಟೇ.

ಹ್ಯಾಮಿಲ್ಟನ್ ತಮ್ಮ ಮಾತುಗಳಲ್ಲಿ ವಿಧಿಯನ್ನು ಎಳೆದು ತಂದವರಲ್ಲ. ಯಾವ ಬಣ್ಣ, ಎಷ್ಟು ವಾರ, ಯಾರ ಕೋಣೆ, ಯಾವ ಷರತ್ತು, ಹೀಗೆ ಕೂಲಿಯವರು ಲೆಕ್ಕ ಒಪ್ಪಿಸುವ ಹಾಗೆ ಒಪ್ಪಿಸುತ್ತಿದ್ದರು. 1956ರಿಂದ ಚಿತ್ರ ಟಿವಿಯಲ್ಲಿ ಬರತೊಡಗಿ, ಕೆಲವೇ ವರ್ಷಗಳಲ್ಲಿ ವರ್ಷಕ್ಕೊಮ್ಮೆ ಹಬ್ಬದಂತೆ ಮನೆಮನೆಗಳಲ್ಲಿ ಕಾಣಿಸಿಕೊಂಡಿತು. ಮರುಪ್ರಸಾರಕ್ಕೆ ನಟರಿಗೆ ಪಾಲು ಕೊಡುವ ಒಪ್ಪಂದ ಅಲ್ಲಿ ಅನ್ವಯವಾದದ್ದು 1960ರ ನಂತರದ ಚಿತ್ರಗಳಿಗೆ. ಹಾಗಾಗಿ ಅವರಿಗೆ ಸಿಕ್ಕಿದ್ದು ಹಣವಲ್ಲ, ಮಕ್ಕಳು. ಅಂಗಡಿಯಲ್ಲಿ, ರಸ್ತೆಯಲ್ಲಿ ಗುರುತು ಹಿಡಿದು, ಡೊರೊಥಿಗೆ ಯಾಕೆ ಅಷ್ಟೊಂದು ಕಾಟ ಕೊಟ್ಟೆ ಎಂದು ಕೇಳುವ ಮಕ್ಕಳು. ಅವರೊಳಗಿನ ಟೀಚರ್‌ಗೆ ಇದು ಚುಚ್ಚುತ್ತಿತ್ತು.

1975ರಲ್ಲಿ ಫ್ರೆಡ್ ರೋಜರ್ಸ್ ನಡೆಸುತ್ತಿದ್ದ ಮಕ್ಕಳ ಟಿವಿ ಕಾರ್ಯಕ್ರಮಕ್ಕೆ ಅವರು ಬಂದರು. ಬಂದದ್ದು ಮನೆಯ ಅಜ್ಜಿಯಂತೆ, ಮಾಮೂಲಿ ಉಡುಪಿನಲ್ಲಿ. ಕ್ಯಾಮೆರಾ ಮುಂದೆಯೇ ಕಪ್ಪು ಲಂಗ ತೊಟ್ಟರು, ಮೇಲಿನದನ್ನು ಹಾಕಿಕೊಂಡರು, ಕೊನೆಗೆ ಟೋಪಿ. ಹಸಿರು ಬಣ್ಣ ಇಲ್ಲ. ಪಾಪ, ಮಾಟಗಾತಿಗೆ ಬೇಕಾದದ್ದು ಯಾವುದೂ ಸಿಗುವುದಿಲ್ಲ, ಅದಕ್ಕೇ ಅವಳಿಗೆ ಅಷ್ಟು ಹತಾಶೆ ಎಂಬರ್ಥದ ಮಾತನ್ನೂ ಹೇಳಿದರು. ಮರುವರ್ಷ ‘ಸೆಸಮಿ ಸ್ಟ್ರೀಟ್’ ಎಂಬ ಇನ್ನೊಂದು ಮಕ್ಕಳ ಟಿವಿ ಕಾರ್ಯಕ್ರಮದಲ್ಲಿ ಮಾಟಗಾತಿಯ ಪೂರ್ಣ ವೇಷದಲ್ಲಿ ಬಂದಾಗ ಮಕ್ಕಳು ಹೆದರಿಕೊಂಡರು ಎಂದು ತಂದೆತಾಯಿಗಳ ದೂರಿನ ಪತ್ರಗಳು ಬಂದವು, ಆ ಕಂತನ್ನು ಮತ್ತೆ ಪ್ರಸಾರ ಮಾಡಲಿಲ್ಲ. ಅದೇ ಹೆಂಗಸು, ಅದೇ ಟೋಪಿ. ಒಂದರಲ್ಲಿ ವೇಷ ಮಕ್ಕಳ ಕಣ್ಣೆದುರು ಕಟ್ಟಿದ್ದು, ಇನ್ನೊಂದರಲ್ಲಿ ಕಟ್ಟಿಕೊಂಡೇ ಬಂದದ್ದು.

ಆ ಹಳೆಯ ತುಣುಕನ್ನು ನೋಡಿದ ಮೇಲೆ ನಾನು ಒಂದು ಕ್ರಮ ಬದಲಾಯಿಸಿದೆ. ತೀರ ಚಿಕ್ಕ ಮಕ್ಕಳ ಮುಂದೆ ನಾಟಕವಿದ್ದರೆ ರಾಕ್ಷಸಿಗೆ ಗ್ರೀನ್ ರೂಮಿನಲ್ಲಿ ಬಣ್ಣ ಹಚ್ಚುವುದಿಲ್ಲ. ರಂಗದ ಮೇಲೆಯೇ ಸ್ಟೂಲ್ ಹಾಕಿ ಕೂರಿಸುತ್ತೇನೆ, ಮಕ್ಕಳು ಸುತ್ತ ಬಂದು ನೋಡುತ್ತಾರೆ. ಕಳೆದ ಬೇಸಿಗೆ ಶಿಬಿರದಲ್ಲಿ ಒಬ್ಬಳು ಪುಟ್ಟ ಹುಡುಗಿ ಹುಬ್ಬು ಬರೆಯುವವರೆಗೂ ನನ್ನ ಅಂಗಿಯ ತುದಿ ಹಿಡಿದುಕೊಂಡೇ ನಿಂತಿದ್ದಳು. ಕೋರೆಹಲ್ಲು ಇಡುವ ಹೊತ್ತಿಗೆ ಅಂಗಿ ಬಿಟ್ಟು, “ಅಂಕಲ್, ಅವರಿಗೆ ಹಸಿವಾದರೆ ಏನು ಮಾಡುತ್ತಾರೆ?” ಎಂದು ಕೇಳಿದಳು. ರಾಕ್ಷಸಿಯೇ ಬಾಳೆಹಣ್ಣು ಸುಲಿದು ತಿಂದು ತೋರಿಸಬೇಕಾಯಿತು.