ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ಯೋಟೊದ ಹಳೇ ಮನೆಯಲ್ಲಿ ತಂಗುವ ಮುನ್ನ

ಈ ಸಲ ಪ್ರವಾಸ ವಿಭಾಗಕ್ಕೆ ಬಂದ ಪತ್ರಗಳಲ್ಲಿ ಜಪಾನಿನ ಕ್ಯೋಟೊ ನಗರದ ಹಳೇ ಕಟ್ಟಡಗಳಲ್ಲಿರುವ ಪುಟ್ಟ ಹೋಟೆಲ್‌ಗಳ ಬಗ್ಗೆ ಕೇಳಿದವರೇ ಹೆಚ್ಚು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾವಿಬ್ಬರೂ ಅರವತ್ತು ದಾಟಿದವರು, ಜೊತೆಗೆ ಮಗ ಬರುತ್ತಾನೆ. ದೊಡ್ಡ ಹೋಟೆಲ್ ಬೇಡ, ಹಳೇ ಮನೆಯ ಸೊಗಸಿರುವ ಜಾಗ ಬೇಕು. ಮಚಿಯಾ, ರ್ಯೋಕಾನ್, ಡಿಸೈನ್ ಹೋಟೆಲ್ ಎಂದು ಮೂರು ಬಗೆ ಕಾಣುತ್ತಿವೆ. ನಮಗೆ ಯಾವುದು ಹೊಂದುತ್ತದೆ?
— ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಮಚಿಯಾ ಎಂದರೆ ಕ್ಯೋಟೊದ ವರ್ತಕರೂ ಕಸುಬಿನವರೂ ಕಟ್ಟಿಕೊಂಡ ಮರದ ಮನೆ. ಬೀದಿಯ ಕಡೆಗೆ ಕಿರಿದು, ಒಳಕ್ಕೆ ಉದ್ದ. ಮುಂದೆ ಅಂಗಡಿ, ಹಿಂದೆ ವಾಸ, ನಡುವೆ ಗಾಳಿ ಬೆಳಕಿಗೆ ಬಿಟ್ಟ ಅಂಗೈಯಗಲದ ತೋಟ. ನಮ್ಮ ತೊಟ್ಟಿಮನೆಯನ್ನು ಎರಡೂ ಬದಿಯಿಂದ ಒತ್ತಿ ಉದ್ದ ಮಾಡಿದ ಹಾಗಿರುತ್ತದೆ. ಬಾಡಿಗೆಗೆ ಕೊಡುವಾಗ ಸಾಮಾನ್ಯವಾಗಿ ಇಡೀ ಮನೆಯನ್ನು ಕೊಡುತ್ತಾರೆ. ಅನೇಕ ಕಡೆ ಸಿಬ್ಬಂದಿ ಇರುವುದಿಲ್ಲ, ಬಾಗಿಲಿನ ಬೀಗ ತೆರೆಯುವ ನಂಬರು ಮೊಬೈಲಿಗೆ ಬರುತ್ತದೆ. ರ್ಯೋಕಾನ್‌ನಲ್ಲಿ ಅಂದರೆ ಜಪಾನಿನ ಸಾಂಪ್ರದಾಯಿಕ ವಸತಿಗೃಹದಲ್ಲಿ, ಆತಿಥ್ಯವೇ ಮುಖ್ಯ: ತತಾಮಿ ಚಾಪೆಯ ಕೋಣೆ, ರಾತ್ರಿ ನೆಲದ ಮೇಲೆ ಹಾಸಿಕೊಡುವ ಫುತೊನ್ ಹಾಸಿಗೆ, ಹೇಳಿದ ಹೊತ್ತಿಗೆ ಊಟ. ಮೂರನೆಯದು ಹಳೇ ಕಟ್ಟಡವನ್ನು ವಾಸ್ತುಶಿಲ್ಪಿಗಳ ಕೈಗೆ ಕೊಟ್ಟು ಹೊಸದಾಗಿ ರೂಪಿಸಿದ ಹೋಟೆಲ್. ಇಸ್ಪೀಟ್ ಎಲೆಗಳನ್ನು ತಯಾರಿಸುತ್ತಿದ್ದ ಕಾಲದ ನಿಂಟೆಂಡೊ ಕಂಪನಿಯ ಮುಖ್ಯ ಕಚೇರಿ, 1930ರ ಕಟ್ಟಡ, 2022ರ ಏಪ್ರಿಲ್‌ನಲ್ಲಿ ‘ಮಾರುಫುಕುರೊ’ ಎಂಬ 18 ಕೋಣೆಗಳ ಹೋಟೆಲ್ ಆಯಿತು. ಅದರ ಹೊಸ ಭಾಗದ ವಿನ್ಯಾಸದಲ್ಲಿ ವಾಸ್ತುಶಿಲ್ಪಿ ತಡಾವೊ ಆಂಡೊ ಅವರ ಕೈಯಿದೆ.

ನಿಮ್ಮ ವಯಸ್ಸಿಗೆ ಮೊದಲು ನೋಡಬೇಕಾದ್ದು ಮೆಟ್ಟಿಲು. ಮಚಿಯಾದ ಮೆಟ್ಟಿಲು ಏಣಿಯಷ್ಟೇ ಕಡಿದು, ಪಾದ ಪೂರ್ತಿ ಕೂರುವುದಿಲ್ಲ, ಎಷ್ಟೋ ಕಡೆ ಕೈಹಿಡಿ ಇರುವುದಿಲ್ಲ. ಮಲಗುವ ಕೋಣೆ ಮೇಲೆ, ಶೌಚಾಲಯ ಕೆಳಗೆ ಇದ್ದರಂತೂ ರಾತ್ರಿ ಎರಡು ಸಲ ಏಳುವವರಿಗೆ ಅದು ಅಪಾಯವೇ. ಜಾಲತಾಣದ ಫೋಟೊಗಳಲ್ಲಿ ಮೆಟ್ಟಿಲು ಬಹಳ ಸಲ ಕಾಣುವುದೇ ಇಲ್ಲ, ಹಾಗಾಗಿ ಮನೆಯ ನಕ್ಷೆ ಕೇಳಿ ತರಿಸಿಕೊಳ್ಳಿ. ಬಾಗಿಲುಗಳ ಮೇಲಿನ ಅಡ್ಡತೊಲೆ ಸುಮಾರು 175 ಸೆಂಟಿಮೀಟರ್ ಎತ್ತರಕ್ಕೇ ಬರುತ್ತದೆ. ಮಗ ಎತ್ತರದವರಾದರೆ ತಲೆ ಬಗ್ಗಿಸಿಯೇ ಓಡಾಡಬೇಕು.

ಕೋಣೆಯ ಅಳತೆಯನ್ನು ಅಲ್ಲಿ ಚಾಪೆಯ ಲೆಕ್ಕದಲ್ಲಿ ಹೇಳುತ್ತಾರೆ. ಕ್ಯೋಟೊದ ಹಳೇ ಅಳತೆಯ ಒಂದು ತತಾಮಿ ಸುಮಾರು 191 ಸೆಂ.ಮೀ. ಉದ್ದ, 95.5 ಸೆಂ.ಮೀ. ಅಗಲ. ಆರು ಚಾಪೆಯ ಕೋಣೆ ಎಂದರೆ ಸುಮಾರು 11 ಚದರ ಮೀಟರ್, ಅಂದರೆ 3.8 ಮೀಟರ್‌ಗೆ 2.9 ಮೀಟರ್. ಮೂರು ಫುತೊನ್‌ಗಳನ್ನು ಪಕ್ಕಪಕ್ಕ ಹಾಸಿದರೆ ಮೂರು ಮೀಟರ್ ಹೋಯಿತು, ಕಾಲಿನ ಕಡೆ ಮುಕ್ಕಾಲು ಮೀಟರ್ ಪಟ್ಟಿ ಉಳಿಯಿತು. ಮೂರು ದೊಡ್ಡ ಸೂಟ್‌ಕೇಸ್ ತೆರೆದಿಡಲು ಅಲ್ಲಿ ಜಾಗವಿಲ್ಲ. ‘ಮೂವರಿಗೆ’ ಎಂದು ಬರೆದಿರುವ ಆರು ಚಾಪೆಯ ಕೋಣೆಗೆ ಒಪ್ಪಬೇಡಿ, ಎಂಟು ಅಥವಾ ಹತ್ತು ಚಾಪೆಯದ್ದು ಕೇಳಿ.

ನಿಮಗೆ ನಮ್ಮ ಸಲಹೆ: ಹೆಚ್ಚಿನ ರಾತ್ರಿಗಳನ್ನು ಮಂಚವಿರುವ ಡಿಸೈನ್ ಹೋಟೆಲ್‌ನಲ್ಲಿ ಕಳೆಯಿರಿ, ಒಂದು ರಾತ್ರಿ ಮಾತ್ರ ರ್ಯೋಕಾನ್ ಇಟ್ಟುಕೊಳ್ಳಿ. ಮಂಡಿನೋವಿರುವವರು ಸತತ ನಾಲ್ಕು ರಾತ್ರಿ ನೆಲದಿಂದ ಎದ್ದು ಕೂರುವುದು ಕಷ್ಟ. ಮಚಿಯಾವೇ ಬೇಕೆಂದರೆ ಮಲಗುವ ಕೋಣೆ, ಸ್ನಾನ, ಶೌಚ ಮೂರೂ ಕೆಳಗಿರುವ ಮನೆಯನ್ನು ಹುಡುಕಿ.

ಇನ್ನೊಂದು ಎಚ್ಚರಿಕೆ. ಜಪಾನ್‌ನಲ್ಲಿ 2018ರ ಜೂನ್‌ನಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ಖಾಸಗಿ ಮನೆಯನ್ನು ನೋಂದಾಯಿಸಿ ವರ್ಷಕ್ಕೆ ಹೆಚ್ಚೆಂದರೆ 180 ದಿನ ಪ್ರವಾಸಿಗರಿಗೆ ಕೊಡಬಹುದು. ಕ್ಯೋಟೊ ನಗರ ಇದನ್ನು ಇನ್ನೂ ಬಿಗಿ ಮಾಡಿದೆ. ಪೂರ್ತಿ ವಾಸದ ಬಡಾವಣೆಗಳಲ್ಲಿ ಇಂಥ ಮನೆಗಳಿಗೆ ಸಾಮಾನ್ಯವಾಗಿ ಜನವರಿ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಮಾತ್ರ ಅವಕಾಶ. ಹೋಟೆಲ್ ಅಥವಾ ರ್ಯೋಕಾನ್ ಪರವಾನಗಿ ಇರುವ ಮಚಿಯಾಗಳಿಗೆ ಈ ಮಿತಿ ಇಲ್ಲ. ಏಪ್ರಿಲ್‌ಗೆ ಬುಕ್ ಮಾಡುವ ಮನೆಯ ಪುಟದಲ್ಲಿ ಪರವಾನಗಿ ಸಂಖ್ಯೆ ಕಾಣದಿದ್ದರೆ ಮುಂದುವರಿಯಬೇಡಿ. ಕೊನೇ ಗಳಿಗೆಯಲ್ಲಿ ಬುಕಿಂಗ್ ರದ್ದಾದರೆ ಚೆರ್ರಿ ಹೂವಿನ ಸೀಸನ್‌ನಲ್ಲಿ ಬೇರೆ ಜಾಗ ಸಿಗುವುದು ಕಷ್ಟ.

ಪ್ರಶ್ನೆ: ರ್ಯೋಕಾನ್ ಒಂದರ ದರ 28,000 ಯೆನ್ ಎಂದಿತ್ತು. ನಾಲ್ಕು ಜನ ಎಂದು ತುಂಬಿದ ಕೂಡಲೇ ಲಕ್ಷ ಯೆನ್ ದಾಟಿತು. ಮೇಲೆ ತೆರಿಗೆ ಬೇರೆ ಎಂದಿದೆ. ಏನಿದು?
— ಓದುಗರು, ಬೆಂಗಳೂರು

ಮೋಸವೇನಿಲ್ಲ. ರ್ಯೋಕಾನ್ ದರ ಕೋಣೆಗಲ್ಲ, ತಲೆಗೆ. ರಾತ್ರಿ ಊಟ, ಬೆಳಗಿನ ತಿಂಡಿ ಅದರಲ್ಲೇ ಸೇರಿರುತ್ತವೆ. ಊಟ ಬೇಡವೆಂದರೆ ‘ಸುದೊಮಾರಿ’ ದರ ಕೇಳಿ, ಗಣನೀಯವಾಗಿ ಇಳಿಯುತ್ತದೆ. ಮಕ್ಕಳಿಗೆ ಬೇರೆ ಬೇರೆ ದರಗಳಿರುತ್ತವೆ: ಊಟವೂ ಹಾಸಿಗೆಯೂ ಬೇಕಾದವರಿಗೆ ಒಂದು, ಹಾಸಿಗೆ ಮಾತ್ರ ಸಾಕಾದವರಿಗೆ ಒಂದು, ಅಪ್ಪ-ಅಮ್ಮನ ಜೊತೆಯಲ್ಲೇ ಮಲಗುವ ಕೂಸಿಗೆ ಇನ್ನೊಂದು. ಮಗುವನ್ನೂ ದೊಡ್ಡವರ ಲೆಕ್ಕಕ್ಕೆ ಸೇರಿಸಿ ತುಂಬಿದರೆ ಸುಮ್ಮನೆ ಪೂರ್ತಿ ಹಣ ಹೋಗುತ್ತದೆ. ಶನಿವಾರ ಮತ್ತು ರಜೆಯ ಹಿಂದಿನ ರಾತ್ರಿಗಳು ದುಬಾರಿ. ಅದೇ ಕೋಣೆ ಭಾನುವಾರದಿಂದ ಗುರುವಾರದೊಳಗೆ ಅಗ್ಗವಾಗಿ ಸಿಗುತ್ತದೆ.

ತೆರಿಗೆಯೆಂದರೆ ಕ್ಯೋಟೊ ನಗರದ ವಸತಿ ತೆರಿಗೆ. 2026ರ ಮಾರ್ಚ್ 1ರಿಂದ ಇದು ಏರಿದೆ. ಒಬ್ಬರಿಗೆ ಒಂದು ರಾತ್ರಿಗೆ ತಂಗುವ ದರ 6,000 ಯೆನ್‌ಗಿಂತ ಕಡಿಮೆ ಇದ್ದರೆ 200 ಯೆನ್, 20,000ದೊಳಗೆ 400, 50,000ದೊಳಗೆ 1,000, ಒಂದು ಲಕ್ಷದೊಳಗೆ 4,000, ಅದಕ್ಕೂ ಮೇಲಾದರೆ 10,000. ಊಟದ ಪಾಲನ್ನೂ ಬಳಕೆ ತೆರಿಗೆಯನ್ನೂ ಕಳೆದು ಉಳಿಯುವ ಮೊತ್ತವೇ ಇಲ್ಲಿನ ಲೆಕ್ಕ. ಇಡೀ ಮನೆಯ ಬಾಡಿಗೆಯಾದರೆ ಅದನ್ನು ಜನರ ಸಂಖ್ಯೆಯಿಂದ ಭಾಗಿಸುತ್ತಾರೆ. 60,000 ಯೆನ್ನಿನ ಮಚಿಯಾದಲ್ಲಿ ನಾಲ್ವರು ಉಳಿದರೆ ತಲೆಗೆ 15,000, ತೆರಿಗೆ ತಲಾ 400. ಇಬ್ಬರೇ ಉಳಿದರೆ ತಲೆಗೆ 30,000, ತೆರಿಗೆ ತಲಾ 1,000. ಬುಕಿಂಗ್ ಮೊತ್ತದಲ್ಲಿ ಇದು ಸೇರಿರದಿದ್ದರೆ ಅಲ್ಲಿಗೆ ಹೋದ ಮೇಲೆ ಕಟ್ಟಬೇಕು.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಅತ್ತೆಯವರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಪುಟ್ಟ ಹೋಟೆಲ್‌ನಲ್ಲಿ ಊಟದ ಗತಿ ಏನು?
— ಗೃಹಿಣಿ, ದಾವಣಗೆರೆ

ಊಟದ ಯೋಜನೆ ಅರ್ಧ ಅಡುಗೆಮನೆಯವರದು, ಅರ್ಧ ನಿಮ್ಮದು. ತೊಡಕಾಗುವುದು ಮೀನಿನ ತುಂಡಿನಿಂದಲ್ಲ, ‘ದಾಶಿ’ ಎಂಬ ಸಾರಿನಿಂದ. ಒಣಗಿಸಿ ಹೊಗೆ ಹಿಡಿಸಿದ ಬೊನಿಟೊ ಮೀನನ್ನು ತೆಳ್ಳಗೆ ಹೆರೆದು ಬಿಸಿನೀರಿನಲ್ಲಿ ಹಾಕಿ ಸೋಸಿದ ತಿಳಿ ಅದು. ಮಿಸೊ ಸೂಪ್‌ನಲ್ಲಿ, ಬೇಯಿಸಿದ ತರಕಾರಿಯಲ್ಲಿ, ಸೋಬಾ ನೂಡಲ್ಸ್ ಸಾರಿನಲ್ಲಿ, ತೆಂಪುರಾ ಎಂಬ ಬಜ್ಜಿ ಅದ್ದುವ ರಸದಲ್ಲಿ, ಬಿಸಿ ತೋಫುವಿನ ಜೊತೆ ಕೊಡುವ ಬಟ್ಟಲಿನಲ್ಲಿ ಎಲ್ಲೆಡೆ ಅದಿರುತ್ತದೆ. ಅಂಗಡಿಯಲ್ಲಿ ಸಿಗುವ ಉಮೆ ಎಂಬ ಹುಳಿ ಹಣ್ಣಿನ ಅನ್ನದುಂಡೆಯಲ್ಲೂ ಕೆಲವೊಮ್ಮೆ ಬೊನಿಟೊ ಸೇರಿರುತ್ತದೆ. ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಮಾಂಸ, ಮೀನಿನ ತುಂಡು ತೆಗೆದು ಅದೇ ಸಾರಿನಲ್ಲಿ ಬೇಯಿಸಿ ಕೊಡುತ್ತಾರೆ. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ, ಸಾರನ್ನು ಅವರು ಮೀನೆಂದು ಎಣಿಸುವುದಿಲ್ಲ, ಅಷ್ಟೆ.

ಆದ್ದರಿಂದ ಕೇಳುವಾಗಲೇ ಬಿಡಿಸಿ ಕೇಳಿ: “ಕೊಂಬು ಕಡಲಪಾಚಿ ಮತ್ತು ಒಣ ಶಿಯಿತಾಕೆ ಅಣಬೆಯಿಂದ ಮಾತ್ರ ದಾಶಿ ಮಾಡಿ ಅಡುಗೆ ಮಾಡಲು ಸಾಧ್ಯವೇ?” ಬುಕ್ ಮಾಡುವ ಮೊದಲು ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಹೋಗುವ ನಾಲ್ಕೈದು ದಿನ ಮುಂಚೆ ಇನ್ನೊಮ್ಮೆ ನೆನಪಿಸಿ, ಏಕೆಂದರೆ ಪುಟ್ಟ ಅಡುಗೆಮನೆಯವರು ಸಾಮಾನನ್ನು ಎಷ್ಟು ಬೇಕೋ ಅಷ್ಟೇ ತರಿಸುತ್ತಾರೆ. ಸಂಜೆ ಆರಕ್ಕೆ ಬಂದು ಹೇಳಿದರೆ ಅವರ ಕೈಯಲ್ಲಿ ಏನೂ ಆಗುವುದಿಲ್ಲ. ಮಿರಿನ್, ಸಾಕೆ ಎಂಬ ಅಕ್ಕಿಯ ಮದ್ಯಗಳು ಮಸಾಲೆಯಂತೆ ಬಳಕೆಯಾಗುತ್ತವೆ, ಬೇಡವಾದರೆ ಅದನ್ನೂ ಬರೆಯಿರಿ. ಅಲ್ಲಿ ಬಾಯಲ್ಲಿ ಹೇಳಲು ಈ ಸಾಲುಗಳು ಸಾಕು: “ನಿಕು ಮೊ ಸಕಾನ ಮೊ ತಮಾಗೊ ಮೊ ತಾಬೆಮಾಸೆನ್. ಕಾತ್ಸುಒ ದಾಶಿ ಮೊ ದಾಮೆ ದೆಸು. ಕೊಂಬು ದಾಶಿ ವಾ ದೈಜೋಬು ದೆಸು.” ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ, ಬೊನಿಟೊ ಸಾರೂ ಆಗದು, ಕೊಂಬು ಸಾರು ಆದೀತು ಎಂದು ಅರ್ಥ. ಅತ್ತೆಯವರಿಗಾಗಿ “ತಾಮಾನೆಗಿ, ನಿನ್ನಿಕು ಮೊ ದಾಮೆ ದೆಸು” ಎಂದು ಸೇರಿಸಿ.

ಅತ್ತೆಯವರಿಗೆ ಕ್ಯೋಟೊದಲ್ಲಿ ಒಂದು ಒಳ್ಳೆಯ ದಾರಿಯೂ ಇದೆ. ಝೆನ್ ಮಠಗಳ ‘ಶೋಜಿನ್ ರ್ಯೋರಿ’ ಊಟದಲ್ಲಿ ಮಾಂಸ, ಮೀನು ಇರುವುದಿಲ್ಲ, ಈರುಳ್ಳಿ, ಬೆಳ್ಳುಳ್ಳಿಯ ಜಾತಿಯೂ ಸಂಪ್ರದಾಯದಂತೆ ವರ್ಜ್ಯ. ಅರಶಿಯಾಮಾದ ತೆನ್ರ್ಯೂಜಿ ದೇವಾಲಯದ ಆವರಣದಲ್ಲಿರುವ ‘ಶಿಗೆತ್ಸು’, ದೈತೊಕುಜಿ ದೇವಾಲಯದಲ್ಲಿರುವ ‘ಇಜುಸೆನ್’ ಎಂಬ ಊಟದ ಮನೆಗಳು ಇದಕ್ಕೆ ಹೆಸರಾದವು. ಅಲ್ಲಿ ಮಧ್ಯಾಹ್ನವೇ ಹೊಟ್ಟೆ ತುಂಬ ಉಂಡು, ಹೋಟೆಲ್‌ನಲ್ಲಿ ಊಟವಿಲ್ಲದ ದರ ತೆಗೆದುಕೊಂಡರೆ ಎಲ್ಲರಿಗೂ ನೆಮ್ಮದಿ. ರ್ಯೋಕಾನ್‌ನವರು “ಆಗುವುದಿಲ್ಲ” ಎಂದು ಬರೆದರೆ ಒತ್ತಾಯ ಮಾಡಬೇಡಿ. ಮೊದಲೇ ಹಾಗೆ ನೇರವಾಗಿ ಹೇಳುವವರು ನಂಬಿಕೆಗೆ ಅರ್ಹರು.

ಪ್ರಶ್ನೆ: ಪುಟ್ಟ ಎಲೆಕ್ಟ್ರಿಕ್ ಕುಕ್ಕರ್ ಒಯ್ದು ಕೋಣೆಯಲ್ಲೇ ಅನ್ನ ಮಾಡಿಕೊಳ್ಳಬಹುದೇ?
— ಓದುಗರು, ತುಮಕೂರು

ಬೇಡ. ಜಪಾನಿನ ವಿದ್ಯುತ್ 100 ವೋಲ್ಟ್. ನಮ್ಮ 230 ವೋಲ್ಟಿನ 500 ವಾಟ್ ಕುಕ್ಕರ್ ಅಲ್ಲಿ ಸುಮಾರು 95 ವಾಟ್ ಶಾಖ ಮಾತ್ರ ಕೊಡುತ್ತದೆ. ವೋಲ್ಟೇಜ್ ಅರ್ಧಕ್ಕಿಂತ ಕೆಳಗಿಳಿದರೆ ಶಾಖ ಐದನೇ ಒಂದು ಪಾಲಿಗೆ ಬೀಳುತ್ತದೆ. ಅಕ್ಕಿ ನೆನೆಯುತ್ತದೆಯೇ ಹೊರತು ಬೇಯುವುದಿಲ್ಲ. ಮೇಲಾಗಿ ಮರದ ಹಳೇ ಮನೆಗಳಲ್ಲಿ ಬೆಂಕಿಯ ಭಯ ಹೆಚ್ಚು, ಕೋಣೆಯಲ್ಲಿ ಅಡುಗೆಗೆ ಸಾಮಾನ್ಯವಾಗಿ ನಿಷೇಧವಿರುತ್ತದೆ. ಅಡುಗೆಮನೆ ಸಮೇತ ಕೊಡುವ ಮಚಿಯಾಗಳಲ್ಲಿ ಅವರದೇ ಕುಕ್ಕರ್ ಇದೆಯೇ ಎಂದು ಕೇಳಿ. ಬಿಸಿನೀರು ಹಾಕಿದರೆ ಸಾಕಾಗುವ ಉಪ್ಪಿಟ್ಟು, ಅವಲಕ್ಕಿ ಪ್ಯಾಕೆಟ್‌ಗಳು ನಡೆಯುತ್ತವೆ. ಕರಿಬೇವು, ತಾಜಾ ಹಣ್ಣು, ಸೊಪ್ಪು ಒಯ್ಯಬೇಡಿ, ವಿಮಾನ ನಿಲ್ದಾಣದ ಸಸ್ಯ ತಪಾಸಣೆಯಲ್ಲಿ ಹಿಡಿಯುತ್ತಾರೆ. ಮೊಬೈಲ್ ಚಾರ್ಜರ್‌ಗೆ ಎರಡು ಚಪ್ಪಟೆ ಕಡ್ಡಿಯ ಅಡಾಪ್ಟರ್ ಸಾಕು.

ಪ್ರಶ್ನೆ: ಬೆಂಗಳೂರಿನಿಂದ ಟೋಕಿಯೊ ಬಳಿಯ ನರಿಟಾಕ್ಕೆ ನೇರ ವಿಮಾನದಲ್ಲಿ ಹೋಗಿ ಕ್ಯೋಟೊ ಸೇರುವ ಯೋಚನೆ. ನಾಲ್ವರ ದೊಡ್ಡ ಸೂಟ್‌ಕೇಸ್‌ಗಳನ್ನು ಏನು ಮಾಡುವುದು?
— ಓದುಗರು, ಹುಬ್ಬಳ್ಳಿ

ನರಿಟಾದಿಂದ ಟೋಕಿಯೊ ಅಥವಾ ಶಿನಾಗಾವಾ ನಿಲ್ದಾಣಕ್ಕೆ ರೈಲಿನಲ್ಲಿ ಒಂದು ಗಂಟೆ, ಅಲ್ಲಿಂದ ನೊಜೊಮಿ ಎಂಬ ಬುಲೆಟ್ ರೈಲಿನಲ್ಲಿ, ಅಂದರೆ ಶಿಂಕಾನ್ಸೆನ್‌ನಲ್ಲಿ ಕ್ಯೋಟೊಗೆ ಸುಮಾರು ಎರಡೂಕಾಲು ಗಂಟೆ. ಉದ್ದ, ಅಗಲ, ಎತ್ತರ ಕೂಡಿಸಿ 160 ಸೆಂ.ಮೀ. ಮೀರುವ ಪೆಟ್ಟಿಗೆಗೆ ಶಿಂಕಾನ್ಸೆನ್‌ನಲ್ಲಿ ಹಿಂಬದಿಯ ಜಾಗ ಸಹಿತ ಸೀಟನ್ನು ಮೊದಲೇ ಕಾಯ್ದಿರಿಸಬೇಕು. ಇದಕ್ಕೆ ಹೆಚ್ಚಿನ ಹಣವಿಲ್ಲ, ಕಾಯ್ದಿರಿಸದೆ ಹತ್ತಿದರೆ 1,000 ಯೆನ್ ಶುಲ್ಕ. ಅಳೆಯುವಾಗ ಚಕ್ರ, ಹಿಡಿಯನ್ನೂ ಸೇರಿಸಿ. 250 ಸೆಂ.ಮೀ. ದಾಟಿದರೆ ಒಳಗೇ ಬಿಡುವುದಿಲ್ಲ.

ಇದಕ್ಕಿಂತ ಸುಲಭದ್ದು ‘ತಕ್ಯುಬಿನ್’ ಎಂಬ ಸಾಮಾನು ಸಾಗಣೆ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೊಟ್ಟರೆ ಮರುದಿನ ಅಥವಾ ಅದರ ಮರುದಿನ ಹೋಟೆಲ್‌ಗೆ ಮುಟ್ಟುತ್ತದೆ. ಅಲ್ಲಿಯವರೆಗಿನ ಬಟ್ಟೆ, ಮಾತ್ರೆ, ಪಾಸ್‌ಪೋರ್ಟ್ ಕೈಚೀಲದಲ್ಲಿರಲಿ. ತಪ್ಪಾಗುವುದು ಇಲ್ಲಿ: ಸಿಬ್ಬಂದಿ ಇಲ್ಲದ ಮಚಿಯಾದಲ್ಲಿ ಪೆಟ್ಟಿಗೆ ಇಳಿಸಿಕೊಳ್ಳುವವರಿರುವುದಿಲ್ಲ, ಅದು ವಾಪಸ್ ಗೋದಾಮಿಗೆ ಹೋಗುತ್ತದೆ. ಮನೆ ಬಾಡಿಗೆಗೆ ಕೊಡುವ ಸಂಸ್ಥೆಗೆ ನಗರದಲ್ಲಿ ಕಚೇರಿ ಇದ್ದು ಅಲ್ಲಿಗೆ ಕಳಿಸಬಹುದೇ ಎಂದು ಮೊದಲೇ ಕೇಳಿ. ದೊಡ್ಡ ಪೆಟ್ಟಿಗೆ ಹಿಡಿದು ಕ್ಯೋಟೊದ ನಗರ ಬಸ್ ಹತ್ತಬೇಡಿ, ಊರಿನವರಿಗೇ ಅದರಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಮೆಟ್ರೊ ಅಥವಾ ಟ್ಯಾಕ್ಸಿ ಹಿಡಿಯಿರಿ.

ಕೋಣೆಯೊಳಗೆ ಪೆಟ್ಟಿಗೆಯನ್ನು ತತಾಮಿಯ ಮೇಲೆ ಉರುಳಿಸಬಾರದು. ಚಾಪೆಯ ಮೇಲ್ಪದರ ಹುಲ್ಲಿನ ನೇಯ್ಗೆ, ಚಕ್ರ ಹರಿದ ಕಡೆ ಎಳೆ ಮುರಿದು ಗೆರೆ ಬೀಳುತ್ತದೆ. ಎತ್ತಿ ಒಯ್ಯಿರಿ, ಇಲ್ಲವೇ ಹೊಸ್ತಿಲ ಬಳಿಯ ಗಟ್ಟಿ ನೆಲದಲ್ಲೇ ಬಿಡಿ. ಗೋಡೆಯಲ್ಲಿ ಚಿತ್ರಪಟ ತೂಗುಹಾಕಿ ಹೂವಿಟ್ಟ ಗೂಡಿನಂಥ ಜಾಗ ‘ತೊಕೊನೊಮಾ’. ಸಾಮಾನಿಡಲು ಅನುಕೂಲವಾಗಿ ಕಂಡರೂ ಅಲ್ಲಿ ಏನನ್ನೂ ಇಡಬಾರದು.

ಪ್ರಶ್ನೆ: ಸ್ನಾನ ಎಲ್ಲರ ಜೊತೆಯಲ್ಲೇ ಮಾಡಬೇಕಂತೆ, ನಿಜವೇ?
— ಓದುಗರು, ಮಂಗಳೂರು

ಎಲ್ಲೆಡೆ ಅಲ್ಲ. ಕೆಲವು ರ್ಯೋಕಾನ್‌ಗಳಲ್ಲಿ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಸಾಮೂಹಿಕ ಸ್ನಾನಗೃಹ ಇರುತ್ತದೆ, ಅಲ್ಲಿ ಬಟ್ಟೆ ಹಾಕಿ ಇಳಿಯುವಂತಿಲ್ಲ. ಸಂಕೋಚವಿದ್ದರೆ ಕೋಣೆಯಲ್ಲೇ ಸ್ನಾನದ ಮನೆ ಇರುವುದನ್ನು, ಅಥವಾ ಗಂಟೆ ಲೆಕ್ಕದಲ್ಲಿ ಕುಟುಂಬಕ್ಕೆ ಬಿಟ್ಟುಕೊಡುವ ಸ್ನಾನಗೃಹವನ್ನು ಕೇಳಿ. ತೊಟ್ಟಿಗೆ ಇಳಿಯುವ ಮುನ್ನ ಹೊರಗೆ ಕೂತು ಸೋಪು ಹಚ್ಚಿ ಪೂರ್ತಿ ತೊಳೆದುಕೊಳ್ಳಬೇಕು. ತೊಟ್ಟಿಯ ನೀರು ಬೆಚ್ಚಗೆ ಕೂರುವುದಕ್ಕೆ ಮಾತ್ರ. ಅದನ್ನು ಒಬ್ಬರಾದ ಮೇಲೆ ಒಬ್ಬರು ಬಳಸುತ್ತಾರೆ, ಹಾಗಾಗಿ ಬಿರಡೆ ತೆಗೆಯಬೇಡಿ. ನೀರು 40ರಿಂದ 42 ಡಿಗ್ರಿ ಇರುತ್ತದೆ. ರಕ್ತದೊತ್ತಡ ಇರುವವರು ಐದು ನಿಮಿಷಕ್ಕೆ ಎದ್ದು ಬರುವುದು ಒಳ್ಳೆಯದು.

ಪ್ರಶ್ನೆ: ಯಾವ ತಿಂಗಳು ಒಳ್ಳೆಯದು? ವೀಸಾ ಮೊದಲೋ, ಹೋಟೆಲ್ ಮೊದಲೋ?
— ಓದುಗರು, ಮೈಸೂರು

ಮಾರ್ಚ್ ಕೊನೆಯಿಂದ ಏಪ್ರಿಲ್ ಆರಂಭದ ಚೆರ್ರಿ ಹೂವು, ನವೆಂಬರ್ ನಡುವಿನಿಂದ ಡಿಸೆಂಬರ್ ಆರಂಭದ ಕೆಂಪೆಲೆ, ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ರಜೆಗಳು, ಜುಲೈ 17ರ ಗಿಯೊನ್ ಹಬ್ಬದ ಮೆರವಣಿಗೆಯ ಆಚೀಚೆ ಜಾಗ ಸಿಗುವುದೂ ಕಷ್ಟ, ದರವೂ ವಿಪರೀತ. ಮೇ ಎರಡನೇ ಅರ್ಧ ಅಥವಾ ಅಕ್ಟೋಬರ್ ಕೊನೆ ನಮ್ಮ ಆಯ್ಕೆ. ಜನವರಿ, ಫೆಬ್ರವರಿಯಲ್ಲಿ ದರ ಇಳಿದಿರುತ್ತದೆ, ಆದರೆ ಹಳೇ ಮನೆಯ ಸಂದುಗಳಿಂದ ಚಳಿ ನುಗ್ಗುತ್ತದೆ. ನೆಲ ಬಿಸಿಮಾಡುವ ವ್ಯವಸ್ಥೆ ಇದೆಯೇ ಎಂದು ಕೇಳದೆ ಬುಕ್ ಮಾಡಬೇಡಿ.

ಮೊದಲು ಹೋಟೆಲ್. ಐದಾರು ತಿಂಗಳ ಮುಂಚೆ, ಹಣ ಕಡಿತವಿಲ್ಲದೆ ರದ್ದು ಮಾಡಬಹುದಾದ ದರದಲ್ಲಿ ಬುಕ್ ಮಾಡಿ, ವೀಸಾ ಅರ್ಜಿಗೆ ಆ ವಿಳಾಸವೇ ಬೇಕು. ರದ್ದತಿಯ ಕೊನೇ ದಿನಾಂಕವನ್ನು ಜಪಾನಿನ ಸಮಯದಲ್ಲಿ ಓದಿಕೊಳ್ಳಿ, ಅವರು ನಮಗಿಂತ ಮೂರೂವರೆ ಗಂಟೆ ಮುಂದೆ. ಒಮ್ಮೆ ಪ್ರವೇಶದ ವೀಸಾ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಜಪಾನ್ ಪ್ರವೇಶಿಸಬೇಕು, ಹಾಗಾಗಿ ಪ್ರಯಾಣಕ್ಕೆ ಒಂದೂವರೆ ಎರಡು ತಿಂಗಳಿರುವಾಗ ಅರ್ಜಿ ಹಾಕುವುದು ಸರಿ. ಭಾರತದಲ್ಲಿರುವವರಿಗೆ 2024ರ ಏಪ್ರಿಲ್‌ನಿಂದ ಪ್ರವಾಸಿ ವೀಸಾ ಇ-ವೀಸಾ ರೂಪದಲ್ಲಿ ಸಿಗುತ್ತಿದೆ. ವಿಮಾನ ನಿಲ್ದಾಣದಲ್ಲಿ ಇಂಟರ್ನೆಟ್ ಮೂಲಕ ಮೊಬೈಲ್ ಪರದೆಯಲ್ಲೇ ಅದನ್ನು ತೋರಿಸಬೇಕು, ಸ್ಕ್ರೀನ್‌ಶಾಟ್, ಮುದ್ರಿತ ಪ್ರತಿ ನಡೆಯುವುದಿಲ್ಲ. ಹೋಟೆಲ್‌ನವರು ಪಾಸ್‌ಪೋರ್ಟ್ ಕೇಳಿ ಪ್ರತಿ ತೆಗೆದುಕೊಳ್ಳುತ್ತಾರೆ. ವಿದೇಶಿ ಪ್ರವಾಸಿಗರ ವಿಷಯದಲ್ಲಿ ಅಲ್ಲಿ ಅದು ಕಾನೂನು. ಸಿಬ್ಬಂದಿ ಇಲ್ಲದ ಮನೆಗಳಲ್ಲಿ ಪಾಸ್‌ಪೋರ್ಟಿನ ಫೋಟೊವನ್ನು ಮುಂಚಿತವಾಗಿ ಕಳಿಸದಿದ್ದರೆ ಬಾಗಿಲಿನ ನಂಬರು ಬರುವುದಿಲ್ಲ, ಆದ್ದರಿಂದ ವಿಮಾನ ಹತ್ತುವ ಮೊದಲೇ ಆ ಕೆಲಸ ಮುಗಿಸಿ.